ಉಸಿರೆಣಿಸುವ ಭಾವ

ನನ್ನ ಭಾವನ ಎದುರು ಉಸಿರಾಡುವವರು ಸ್ವಲ್ಪ ಎಚ್ಚರದಿಂದ ಆಡಬೇಕು. ಏಕೆಂದರೆ ಅವರು ಎಣಿಸುತ್ತಿರುತ್ತಾರೆ! ನೀವು ಕೈಕುಲುಕಿ, ಈ ಸಲದ ಚಳಿಯ ಬಗ್ಗೆ ಎರಡು ಮಾತಾಡಿ, ಆಫೀಸಿನ ಕಷ್ಟ ತೋಡಿಕೊಳ್ಳುವಷ್ಟರಲ್ಲಿ ಅವರ ಕಣ್ಣು ನಿಮ್ಮ ಮುಖ ಬಿಟ್ಟು ಕತ್ತಿನ ಕೆಳಗೆ ಇಳಿದಿರುತ್ತದೆ. ಎಡಗೈಯ ವಾಚು ಮೇಲಕ್ಕೆ ಬಂದಿರುತ್ತದೆ. ಸರಿಯಾಗಿ ಒಂದು ನಿಮಿಷ ಕಳೆದ ಮೇಲೆ “ಹದಿನಾಲ್ಕು. ಚಲೋ ಅದ” ಎನ್ನುತ್ತಾರೆ. ನಿಮ್ಮ ಆಫೀಸಿನ ಕಷ್ಟ ಅವರ ಕಿವಿಗೆ ಬಿತ್ತೇ? ದೇವರಿಗೇ ಗೊತ್ತು.

ಭಾವ ಎಂದರೆ ನನ್ನ ಅಕ್ಕನ ಗಂಡ. ನಾವು ಮೈಸೂರಿನವರು, ಅವರು ಧಾರವಾಡದವರು. ಮೂವತ್ತು ವರ್ಷದಿಂದ ಅಮೆರಿಕದ ಮಿಶಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾರೆ. ಸಂಶೋಧನೆಯ ವಿಷಯ ಮಿದುಳಿನ ಕಾಂಡ. ತಲೆಬುರುಡೆಯ ಬುಡದಲ್ಲಿ, ಮಿದುಳು ಬೆನ್ನುಹುರಿಗೆ ಸೇರುವ ಜಾಗದಲ್ಲಿರುವ ಹೆಬ್ಬೆರಳಿನಷ್ಟು ಗಾತ್ರದ ತುಂಡು ಅದು. ಮಿಕ್ಕ ಮಿದುಳೆಲ್ಲ ಭಾವನ ಪ್ರಕಾರ ಅಲಂಕಾರಕ್ಕೆ ಇಟ್ಟದ್ದು. ಗಣಿತ, ಸಂಗೀತ, ಗ್ರೀನ್ ಕಾರ್ಡಿನ ಚಿಂತೆ ಇವೆಲ್ಲ ಮಹಡಿಯ ಮೇಲಿನವರ ಶೋಕಿ. ನೀವು ನಿದ್ದೆ ಹೋದಾಗಲೂ ಉಸಿರು ನಡೆಸಿಕೊಂಡು ಹೋಗುವವರು ಕೆಳಗಿನ ಮನೆಯವರು!

ಊಟಕ್ಕೆ ಕರೆದವರ ಮನೆಯಲ್ಲಿ ಅವರು ಇದನ್ನು ವಠಾರದ ಲೆಕ್ಕದಲ್ಲಿ ವಿವರಿಸುತ್ತಾರೆ. ಮಿದುಳಿನ ಕಾಂಡ ಒಂದು ವಠಾರ. ಒಂದು ಮನೆಯಲ್ಲಿ ಉಸಿರಿನ ತಾಳ ಹಾಕುವವರಿದ್ದಾರೆ. ಪಕ್ಕದ ಮನೆಯಲ್ಲಿ ನೋವಿನ ಕಾವಲುಗಾರರು. ಕಾಲು ಎಡವಿದಾಗ ಈ ಕಾವಲುಗಾರರು ಸೆರೊಟೋನಿನ್, ನಾರ್‌ಅಡ್ರಿನಲಿನ್, ಎಂಡಾರ್ಫಿನ್ ಎಂಬ ದೂತರ ಕೈಯಲ್ಲಿ ಚೀಟಿ ಕೊಟ್ಟು, ಬೆನ್ನುಹುರಿಯಿಂದ ನೋವು ಮೇಲೆ ಬರುವ ಬಾಗಿಲನ್ನು ಅರ್ಧ ಮುಚ್ಚಿಸುತ್ತಾರೆ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಸಾರು ಆರಿರುತ್ತದೆ. ಆಮೇಲೆ ಇಲಿಯ ಕಥೆ ಶುರು. ಇಲಿಮರಿಯ ಮಿದುಳಿನ ಕಾಂಡದಿಂದ ತೆಳ್ಳಗೆ ಒಂದು ಬಿಲ್ಲೆ ಕತ್ತರಿಸಿ ತಟ್ಟೆಯ ದ್ರವದಲ್ಲಿಟ್ಟರೂ ಅದು ಉಸಿರಿನ ತಾಳ ಹಾಕುತ್ತಲೇ ಇರುತ್ತದಂತೆ. ಇಲಿಯಿಲ್ಲ, ಎದೆಯಿಲ್ಲ, ಗಾಳಿಯಿಲ್ಲ, ತಾಳ ಮಾತ್ರ ಇದೆ! ಇದನ್ನು ಹೇಳುವಾಗ ಅವರು ಸಾಮಾನ್ಯವಾಗಿ ಚಮಚದಲ್ಲಿ ಬದನೆಕಾಯಿಯ ಹೋಳನ್ನು ಎತ್ತಿ ತೋರಿಸುತ್ತಿರುತ್ತಾರೆ. ಅನೇಕರ ಮನೆಯಲ್ಲಿ ಆ ದಿನ ಎಣ್ಣೆಗಾಯಿ ಉಳಿದದ್ದನ್ನು ನಾನೇ ಕಂಡಿದ್ದೇನೆ.

ಅಕ್ಕ ಇರುವವರೆಗೆ ಇದಕ್ಕೆಲ್ಲ ಒಂದು ಕಡಿವಾಣವಿತ್ತು. ಹೊಸಬರ ಮನೆಗೆ ಹೋದರೆ ಚಪ್ಪಲಿ ಬಿಡುವಾಗಲೇ ಅವಳು ಹೆಂಗಸರಿಗೆಲ್ಲ ಹೇಳಿಬಿಡುತ್ತಿದ್ದಳು, ಇವರು ಎದೆ ನೋಡಿದರೆ ತಪ್ಪು ತಿಳಿಯಬೇಡಿ, ಇವರಿಗೆ ಅಲ್ಲಿ ಕಾಣುವುದು ಶ್ವಾಸಕೋಶ ಮಾತ್ರ ಎಂದು! ಪಕ್ಕದಲ್ಲೇ ಕೂತು, ಭಾವನ ವಾಚು ಮೇಲೆದ್ದ ಕೂಡಲೇ ಮೊಣಕೈ ಚಿವುಟುತ್ತಿದ್ದಳು. ಅವಳು ಹೋಗಿ ಎರಡು ವರ್ಷವಾಯಿತು. ಈಗ ಚಿವುಟುವವರಿಲ್ಲ.

ಅದರ ಪರಿಣಾಮ ಡೆಟ್ರಾಯಿಟ್ ಕಡೆಯ ನಮ್ಮ ಕನ್ನಡದವರ ಯುಗಾದಿ ಕಾರ್ಯಕ್ರಮದಲ್ಲಿ ಕಂಡಿತು. ಅಕ್ಕ ಹೋದ ಮೇಲೆ ಭಾವ ನಾಲ್ಕು ಜನರ ನಡುವೆ ಬಂದದ್ದು ಅದೇ ಮೊದಲು. ನಾನು ಶಿಕಾಗೋ ಕಡೆಯಿಂದ ಡ್ರೈವ್ ಮಾಡಿಕೊಂಡು ಹೋಗಿ ಅವರನ್ನು ಬಲವಂತವಾಗಿ ಹೊರಡಿಸಿದ್ದೆ. ವೇದಿಕೆಯ ಮೇಲೆ ಅಧ್ಯಕ್ಷರ ಭಾಷಣ ನಡೆದಿತ್ತು. ನಮ್ಮ ಮುಂದಿನ ಸಾಲಿನ ತುದಿಯಲ್ಲಿ, ಮಗಳ ಮನೆಗೆ ಬಂದಿದ್ದ ನಿವೃತ್ತ ಹೆಡ್‌ಮಾಸ್ಟರೊಬ್ಬರು ಕಣ್ಣು ಮುಚ್ಚಿ ಕೂತಿದ್ದರು. ಭಾವ ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಮುಖ ಬಿಳುಚಿತು. ನಿಮಿಷಕ್ಕೆ ನಾಲ್ಕು!

ನಾನು ಏನಾಯಿತು ಎಂದು ಕೇಳುವ ಮೊದಲೇ ಅವರು ಕುರ್ಚಿ ದಾಟಿ ಹೋಗಿ ಹೆಡ್‌ಮಾಸ್ಟರನ್ನು ನೆಲದ ಮೇಲೆ ಮಲಗಿಸಿ, ಗಲ್ಲ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ 911ಕ್ಕೆ ಫೋನ್ ಮಾಡಿಯಾಗಿತ್ತು. ಆ್ಯಂಬುಲೆನ್ಸ್ ಬಂತು. ಹೆಡ್‌ಮಾಸ್ಟರು ನೆಲದಿಂದಲೇ ಶಾಂತವಾಗಿ ಹೇಳಿದರು: “ಪ್ರಾಣಾಯಾಮ ಸ್ವಾಮಿ. ನಲವತ್ತು ವರ್ಷದ ಅಭ್ಯಾಸ. ಭಾಷಣ ಇದ್ದಾಗ ಮುಗಿಸಿಕೊಂಡುಬಿಡ್ತೀನಿ.”

ಭಾಷಣ ಅಲ್ಲಿಗೇ ನಿಂತದ್ದಕ್ಕೆ ಹಲವರು ಬಂದು ಭಾವನ ಕೈಕುಲುಕಿದರು ಎಂಬುದು ಬೇರೆ ಮಾತು. ಆದರೆ ವಾಪಸು ಬರುವಾಗ ಕಾರಿನಲ್ಲಿ ಅವರು ದಾರಿಯುದ್ದಕ್ಕೂ “ನಾಕ ಇತ್ತು” ಎನ್ನುತ್ತಲೇ ಇದ್ದರು. ಆಮೇಲೆ ಅವರು ಯಾವ ಕಾರ್ಯಕ್ರಮಕ್ಕೂ ಹೋಗಲಿಲ್ಲ.

ನಾನಿರುವುದು ಶಿಕಾಗೋ ಪಕ್ಕದ ಲೊಂಬಾರ್ಡ್‌ನ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ. ನನಗೆ ಮದುವೆಯಾಗಿಲ್ಲ. ಅದರ ಕಾರಣಗಳನ್ನು ನಮ್ಮ ಕಡೆಯ ಆಂಟಿಯರು ನನಗಿಂತ ಚೆನ್ನಾಗಿ ಬಲ್ಲರು. ಈ ದೇಶದಲ್ಲಿ ನನ್ನವರು ಎಂದರೆ ಇನ್ನೂರೈವತ್ತು ಮೈಲಿ ಆಚೆಗಿರುವ ಭಾವ ಒಬ್ಬರೇ, ಅವರಿಗೆ ನಾನೊಬ್ಬನೇ. ಪ್ರತಿ ಭಾನುವಾರ ಹನ್ನೊಂದಕ್ಕೆ ಅವರ ಫೋನ್ ಬರುತ್ತದೆ. ನಿಮ್ಮಲ್ಲಿ ಎಷ್ಟು ಡಿಗ್ರಿ, ನಮ್ಮಲ್ಲಿ ಎಷ್ಟು ಡಿಗ್ರಿ ಎಂಬುದು ಒಂದೂವರೆ ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ ಇಬ್ಬರೂ ಫೋನನ್ನು ಸ್ಪೀಕರಿಗೆ ಹಾಕಿ ಅಡುಗೆಗೆ ನಿಲ್ಲುತ್ತೇವೆ. ಅವರ ಕುಕ್ಕರ್ ಕೂಗುವುದು ನನಗೆ ಕೇಳುತ್ತದೆ, ನನ್ನ ಒಗ್ಗರಣೆ ಸಿಡಿಯುವುದು ಅವರಿಗೆ ಕೇಳುತ್ತದೆ. ನಲವತ್ತು ನಿಮಿಷ ಒಂದು ಮಾತೂ ಇಲ್ಲ! ಕೊನೆಗೆ ಅವರು ಗಂಟಲು ಸರಿಮಾಡಿಕೊಳ್ಳುತ್ತಾರೆ, ಏನೋ ಹೇಳಲು ಹೊರಡುತ್ತಾರೆ, “ಇಡ್ಲೇನು?” ಎನ್ನುತ್ತಾರೆ. ಇಡಿ ಎನ್ನುತ್ತೇನೆ. ಆಮೇಲೆ ಮನೆ ಎಷ್ಟು ನಿಶ್ಶಬ್ದವಾಗುತ್ತದೆಂದರೆ ನಾನು ಸುಮ್ಮನೆ ಟಿವಿ ಹಾಕುತ್ತೇನೆ.

ಅಕ್ಕನ ಹೆಸರು ಮಾತ್ರ ಇಬ್ಬರ ಬಾಯಲ್ಲೂ ಬರುತ್ತಿರಲಿಲ್ಲ. ನಿಜ ಹೇಳುತ್ತೇನೆ, ನನಗೆ ಭಾವನ ಮೇಲೆ ಸಿಟ್ಟಿತ್ತು. ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ. ವೈಕುಂಠ ಸಮಾರಾಧನೆಯ ದಿನ ಪುರೋಹಿತರಿಗೆ ಸೆರೊಟೋನಿನ್ ವಿವರಿಸುತ್ತ ಕೂತಿದ್ದರು! ಅಕ್ಕನಿಗೆ ಕ್ಯಾನ್ಸರ್. ಕೊನೆಯ ದಿನ ಭಾವ ಬೇಗ ಬಾ ಎಂದು ಫೋನ್ ಮಾಡಿದಾಗ ನಾನು ಕೂಡಲೇ ಹೊರಟೆ. ಆದರೆ ಮಿಶಿಗನ್ ಸರೋವರದ ಹಿಮ ಸುರಿದು, ಲಾರಿಗಳು ಮಗುಚಿ, ಹೆದ್ದಾರಿಯಲ್ಲಿ ಮೂರು ಗಂಟೆ ಕಾರು ಅಲುಗಲಿಲ್ಲ. ನಾನು ತಲುಪಿದಾಗ ಎಲ್ಲ ಮುಗಿದಿತ್ತು. ಅಕ್ಕನಿಗೆ ಕೊನೆಗೆ ನೋವಾಯಿತೇ? ಉಸಿರಿಗಾಗಿ ಒದ್ದಾಡಿದಳೇ? ಎರಡು ವರ್ಷದಿಂದ ನನಗೆ ಗೊತ್ತಾಗಬೇಕಿದ್ದದ್ದು ಇದೊಂದೇ. ಇದನ್ನು ಬಲ್ಲವರು ಜಗತ್ತಿನಲ್ಲಿ ಒಬ್ಬರೇ ಇದ್ದರು. ಕೇಳಿದರೆ ವಠಾರದ ಉಪನ್ಯಾಸ ಬರುತ್ತದೆಂಬ ಹೆದರಿಕೆಯಿಂದ ನಾನು ಕೇಳಿರಲಿಲ್ಲ.

ಹೀಗಿರುವಾಗ ಹೋದ ಮಾರ್ಚಿನ ಒಂದು ಬೆಳಿಗ್ಗೆ ನನ್ನ ಮೂತ್ರಪಿಂಡದಲ್ಲಿದ್ದ ಕಲ್ಲೊಂದು ಪ್ರಯಾಣ ಹೊರಟಿತು. ಅನುಭವಿಸಿದವರಿಗೆ ವಿವರಣೆ ಬೇಡ, ಅನುಭವಿಸದವರಿಗೆ ವಿವರಿಸಿ ಪ್ರಯೋಜನವಿಲ್ಲ! ಎಮರ್ಜೆನ್ಸಿಗೆ ಹೋಗುವ ದಾರಿಯಲ್ಲಿ ಭಾವನಿಗೆ ಒಂದು ಮೆಸೇಜ್ ಹಾಕಿದೆ. ಬನ್ನಿ ಎಂದೇನೂ ಬರೆದಿರಲಿಲ್ಲ. ಮಧ್ಯಾಹ್ನದೊಳಗೆ ಅವರು ನನ್ನ ಹಾಸಿಗೆಯ ಪಕ್ಕದಲ್ಲಿದ್ದರು. ಲ್ಯಾಬಿನ ಬ್ಯಾಡ್ಜು ಕುತ್ತಿಗೆಯಲ್ಲೇ ಇತ್ತು, ವಾಚು ಎಂದಿನಂತೆ ಮಿಶಿಗನ್ನಿನ ಟೈಮಿನಲ್ಲಿ ಒಂದು ಗಂಟೆ ಮುಂದಿತ್ತು.

ಬಂದವರೇ ನರ್ಸನ್ನು ಹಿಡಿದುಕೊಂಡರು. ಏನು ಕೊಟ್ಟಿದ್ದೀರಿ, ಎಷ್ಟು ಕೊಟ್ಟಿದ್ದೀರಿ, ಎಷ್ಟು ಹೊತ್ತಾಯಿತು? ನೀವು ಡಾಕ್ಟರೇ ಎಂದು ಅವಳು ಕೇಳಿದಳು. ಇಲ್ಲಮ್ಮ, ನಾನು ಇಲಿಗಳನ್ನು ನೋಡಿಕೊಳ್ಳುತ್ತೇನೆ ಎಂದು ಬಲು ಗಂಭೀರವಾಗಿ ಇಂಗ್ಲಿಷಿನಲ್ಲಿ ಹೇಳಿದರು. ಅವಳು ನನ್ನ ಕಡೆ ಮರುಕದಿಂದ ನೋಡಿದಳು. ಮೊದಲಿನ ಔಷಧಿ ಸಾಲದು, ಸ್ವಲ್ಪ ಮಾರ್ಫಿನ್ ಕೊಡುತ್ತೇವೆ ಎಂದು ಹೇಳಿ ಕೊಟ್ಟು ಹೋದಳು. ಸ್ವಲ್ಪ ಹೊತ್ತಿಗೆ ನೋವು ಮೆಲ್ಲಗೆ ದೂರ ಸರಿಯಿತು.

ಭಾವ ವಾಚು ನೋಡುತ್ತಿದ್ದರು. ಹನ್ನೆರಡು ಎನ್ನುತ್ತಾರೆ, ಹದಿಮೂರು ಎನ್ನುತ್ತಾರೆ ಎಂದು ಕಾದೆ.

“ಅಕಿಗೂ ಇದನ್ನ ಕೊಟ್ಟಿದ್ರು,” ಎಂದರು.

ಆಮೇಲೆ ನಿಧಾನವಾಗಿ ಹೇಳಿದರು. ಆ ದಿನ ಅಕ್ಕನ ನೋವು ತೀರ ಹೆಚ್ಚಿತ್ತು. ಮಾತು ನಿಂತಿತ್ತು. ಮಾರ್ಫಿನ್ ಡೋಸ್ ಏರಿಸೋಣವೇ ಎಂದು ಆಸ್ಪತ್ರೆಯವರು ಭಾವನನ್ನು ಕೇಳಿದರು. ಇದರಿಂದ ಅವರಿಗೆ ನೆಮ್ಮದಿ ಸಿಗುತ್ತದೆ, ನೀವು ಹೆದರುವಂಥದ್ದೇನೂ ಇಲ್ಲ ಎಂದೂ ಹೇಳಿದರು. ಬೇರೆಯವರಾಗಿದ್ದರೆ ಅಷ್ಟು ಸಾಕಿತ್ತು. ಆದರೆ ಆ ಔಷಧಿ ನೋವಿನವರ ಬಾಗಿಲು ತಟ್ಟುವಾಗ ಪಕ್ಕದ ಉಸಿರಿನವರ ಬಾಗಿಲನ್ನೂ ತಟ್ಟುತ್ತದೆ ಎಂಬುದನ್ನು ಮೂವತ್ತು ವರ್ಷ ತಟ್ಟೆಯಲ್ಲಿ ನೋಡಿದವರು ಇವರು. ಹೆಚ್ಚಾದರೆ ತಾಳ ಹೇಗೆ ಹಿಂಜರಿದು ಹಿಂಜರಿದು ನಿಲ್ಲುತ್ತದೆ ಎಂಬುದನ್ನು ಬಲ್ಲವರು. ಅಕ್ಕ ಇವರನ್ನೇ ನೋಡುತ್ತಿದ್ದಳಂತೆ. ಇವರು ಹೂಂ ಅಂದರು.

“ವಾಚ್ ಬಿಚ್ಚಿ ಕಿಸೇದಾಗ ಇಟ್ಕೊಂಡೆ. ಅಕಿದೊಂದು ನಾ ಎಣಸಲಿಲ್ಲ.”

ಕೊನೆಗೂ ಕೇಳಿದೆ. “ನೋವಿತ್ತಾ ಭಾವ?”

“ಇರಲಿಲ್ಲ. ಹಣಿ ಮ್ಯಾಲಿನ ಗೆರಿ ಹೋಗಿತ್ತು. ನಿದ್ದಿ ಮಾಡಿದ್ಲು ಅಷ್ಟ.” ಕನ್ನಡಕ ತೆಗೆದು ಬ್ಯಾಡ್ಜಿನ ದಾರದಿಂದ ಒರೆಸತೊಡಗಿದರು. “ನಾ ಹೂಂ ಅಂದದ್ದು ಸರಿನೋ ತಪ್ಪೋ ನನಗ ತಿಳೀವಲ್ದು. ಪ್ರತಿ ಐತವಾರ ನಿನ್ನ ಕೇಳಬೇಕಂತ ಫೋನ್ ಮಾಡ್ತೀನಿ, ಬಾಯಿ ಬರೂದಿಲ್ಲ. ಅಕಿ ತಮ್ಮ ನೀನು. ನೀ ಹೇಳು.”

ನನ್ನ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನು ಸಿಟ್ಟಾಗಿದ್ದೆ. ಅವರ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವರು ಊರವರ ಉಸಿರನ್ನೆಲ್ಲ ಕಾಯುತ್ತಿದ್ದರು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವರ ಮೇಲೆ ಪ್ರೀತಿ ಉಕ್ಕಿತು.

“ಸರಿ ಮಾಡಿದ್ರಿ ಭಾವ,” ಎಂದೆ. “ನಾನಿದ್ದಿದ್ರೂ ಹೂಂ ಅಂತಿದ್ದೆ.”

ಅವರು ತಲೆಯಾಡಿಸಿದರು. ಮತ್ತೆ ತಲೆಯಾಡಿಸಿದರು. ಆಮೇಲೆ ನನ್ನ ಹಾಸಿಗೆಯ ಕಂಬಿಗೆ ಹಣೆಯಿಟ್ಟು ಅತ್ತರು.

ಅಷ್ಟರಲ್ಲಿ ನರ್ಸ್ ಪರದೆ ಸರಿಸಿ ಒಳಗೆ ಬಂದಳು. ಈಗ ನೋವು ಹೇಗಿದೆ ಎಂದು ನನ್ನನ್ನು ಕೇಳಿದಳು. ನನಗೆ ಕಡಿಮೆಯಾಗಿದೆ, ಅವರನ್ನು ಕೇಳಿ ಎಂದೆ.