ದರ್ಜಿಯ ಮಗಳ ಮೂಗು

ಕಿವಿ, ಮೂಗು, ಗಂಟಲಿನ ಡಾಕ್ಟರನಿಗೆ ಕಥೆಗಳು ತಪ್ಪುವುದಿಲ್ಲ. ಕಿವಿ ನೋವಿನವರು ಅಳುತ್ತಾ ಬರುತ್ತಾರೆ, ಗಂಟಲು ನೋವಿನವರು ಮಾತಾಡದೆ ಬರುತ್ತಾರೆ, ಮೂಗಿನವರು ಮಾತ್ರ ಒಂದು ಕಥೆಯನ್ನು ಬಗಲಲ್ಲಿಟ್ಟುಕೊಂಡೇ ಬರುತ್ತಾರೆ. ಹಾವೇರಿ ಇನ್ನೂ ಧಾರವಾಡ ಜಿಲ್ಲೆಯೊಳಗೇ ಇದ್ದ ಕಾಲ. ರಾಣೇಬೆನ್ನೂರಿನಲ್ಲಿ ನನ್ನದೊಂದು ಆರು ಹಾಸಿಗೆಯ ದವಾಖಾನೆ ಇತ್ತು. ವಾರಕ್ಕೊಂದು ದಿನ ಹಾವೇರಿಗೆ, ಒಂದು ದಿನ ಬ್ಯಾಡಗಿಗೆ ಹೋಗಿ ಬರುತ್ತಿದ್ದೆ. ಮೂಗು ತಿದ್ದಿಸಿಕೊಳ್ಳುವ ಮೊದಲು ಏನೇನು ತಿಳಿದಿರಬೇಕು ಎಂದು ಈಗಲೂ ಯಾರಾದರೂ ಕೇಳಿದರೆ ನಾನು ಪುಸ್ತಕ ತೆಗೆಯುವುದಿಲ್ಲ, ಬ್ಯಾಡಗಿಯ ಒಂದು ಮನೆಯ ಕಥೆ ಹೇಳುತ್ತೇನೆ. ಅದಕ್ಕೂ ಮುಂಚೆ ಒಂದು ಕ್ಯಾಲೆಂಡರಿನ ಸಂಗತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮರೆತುಹೋಗುತ್ತದೆ.

೧. ಕ್ಯಾಲೆಂಡರು

ಹಲಗೇರಿ ಕಡೆಯ ಒಬ್ಬ ತರುಣ ಬಂದ. ಬಗಲಲ್ಲಿ ಸುರುಳಿ ಸುತ್ತಿದ ಕ್ಯಾಲೆಂಡರು. ನನ್ನ ಟೇಬಲ್ಲಿನ ಮೇಲಿದ್ದ ಸ್ಟೆತಾಸ್ಕೋಪು, ಟಾರ್ಚು ಎಲ್ಲ ಬದಿಗೆ ಸರಿಸಿ ಅದನ್ನು ಹಾಸಿದ. ಕೊಳಲು ಊದುತ್ತಿರುವ ಕೃಷ್ಣ.

"ಸಾಹೇಬ್ರ, ನನಗ ಇಂಥಾ ಮೂಗ ಮಾಡ್ರಿ."

ಅವನ ಮೂಗನ್ನು ನೋಡಿದೆ. ಯಾವ ದೋಷವೂ ಇರಲಿಲ್ಲ. ಆಮೇಲೆ ಕೃಷ್ಣನ ಮೂಗನ್ನೂ ನೋಡಿದೆ.

"ತಮ್ಮಾ, ಸರಿಯಾಗಿ ನೋಡು. ಬರದಾವ ಹೊಳ್ಳಿ ಬಿಡೂದನ್ನ ಮರತಾನ. ಇಂಥಾ ಮೂಗ ಮಾಡಿದ್ರ ಉಸುರು ಹೆಂಗ ಆಡ್ತಿ?"

ಅವನು ಬಗ್ಗಿ ನೋಡಿದ. ಖರೇ, ಚಿತ್ರದ ಮೂಗಿಗೆ ತೂತೇ ಇರಲಿಲ್ಲ. ತಲೆ ಎತ್ತಿ, "ಬಾಯಿ ಐತೆಲ್ರಿ" ಅಂದ.

ಬಾಯಿಯಿಂದ ಉಸಿರಾಡಿದರೆ ಏನಾಗುತ್ತದೆ ಎಂದು ಅರ್ಧ ತಾಸು ತಿಳಿಸಿ ಹೇಳಿದೆ. ತಲೆದೂಗಿ ಕ್ಯಾಲೆಂಡರು ಸುತ್ತಿಕೊಂಡು ಎದ್ದ. ಬಾಗಿಲ ತನಕ ಹೋದವನು ಮತ್ತೆ ತಿರುಗಿ ಬಂದು ಅದನ್ನೇ ಬಿಚ್ಚಿದ.

"ಹಂಗಾರ ಕಿವಿಯಾದ್ರೂ ಇಂಥಾವು ಮಾಡ್ರಿ. ಬಂದದ್ದು ಬಂದೇನಿ."

೨. ಮೂರು ಸೀನು

ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಮೆಣಸಿನಕಾಯಿ ಘಾಟು ಗಾಳಿಯಷ್ಟೇ ಸಹಜ. ಬಸ್ಸಿನಿಂದ ಇಳಿದ ಕೂಡಲೇ ಸೀನುವವನು ಪರವೂರಿನವನು ಎಂದು ಅಲ್ಲಿನವರು ಗುರುತು ಹಿಡಿಯುತ್ತಾರೆ. ಆದರೆ ಬಸ್ ನಿಲ್ದಾಣದ ಎದುರಿಗೆ ಅಂಗಡಿ ಇಟ್ಟಿದ್ದ ಒಬ್ಬ ದರ್ಜಿ, ಅಲ್ಲೇ ಹುಟ್ಟಿ ಬೆಳೆದ ಮುಸಲ್ಮಾನ ಹಿರಿಯ, ಈ ನಿಯಮಕ್ಕೆ ಹೊರತಾಗಿದ್ದ. ಸೀನಿದರೆ ಮೂರು. ಮೊದಲನೆಯದು ಬಟ್ಟೆ ಹರಿದ ಹಾಗೆ, ಎರಡನೆಯದು ಅದಕ್ಕಿಂತ ದೊಡ್ಡದು, ಮೂರನೆಯದು ಥೇಟ್ ಬಸ್ಸಿನ ಹಾರ್ನು.

ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ ಎಂದು ನಂಬಿದ ಊರು ಅದು. ಮೂರಕ್ಕೆ ಏನರ್ಥ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟವರು ಮೊದಲ ಸೀನಿಗೆ ಇಳಿಯುತ್ತಿದ್ದರು, ಎರಡನೆಯದಕ್ಕೆ ಹತ್ತುತ್ತಿದ್ದರು, ಮೂರನೆಯದಕ್ಕೆ ಕಂಡಕ್ಟರನ ಮುಖ ನೋಡುತ್ತಿದ್ದರು.

ಆ ದರ್ಜಿ ಒಂದು ದಿನ ರಾಣೇಬೆನ್ನೂರಿಗೆ ನನ್ನ ದವಾಖಾನೆಗೇ ಬಂದ. ಕೊರಳಲ್ಲಿ ಅಳತೆ ಟೇಪು, ಮುಖದ ಮೇಲೆ ಅವನ ಮೂಗು. ನಡುವೆ ಗೂನು, ತುದಿ ಕೆಳಕ್ಕೆ ಬಾಗಿದ್ದು. ಅದರ ಮೇಲೆ ಕನ್ನಡಕ ಭದ್ರವಾಗಿ ಕೂತಿತ್ತು. ಕಡೆಗೂ ಸೀನಿಗೆ ಔಷಧಿ ಕೇಳಲು ಬಂದ ಅಂದುಕೊಂಡೆ.

"ನನಗಲ್ರಿ ಸಾಹೇಬ್ರ," ಅಂದ, "ನನ್ನ ಮಗಳಿಗೆ."

ಹಿಂದೆ ಇಪ್ಪತ್ನಾಲ್ಕು ವರ್ಷದ ಹುಡುಗಿ ನಿಂತಿದ್ದಳು. ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುವ ಟೀಚರು. ಅಪ್ಪನ ಮೂಗನ್ನು ಅಚ್ಚು ಹಾಕಿದ ಹಾಗೆ ಅದೇ ಮೂಗು. "ಅಬ್ಬಾ, ನೀವು ಸ್ವಲ್ಪ ಹೊರಗ ಕುಂದರ್ರಿ" ಎಂದು ಅಪ್ಪನಿಗೆ ಹೇಳಿದಳು. ಆತ ಒಮ್ಮೆ ಅವಳನ್ನೂ ಒಮ್ಮೆ ನನ್ನನ್ನೂ ನೋಡಿ ಹೊರಗೆ ಹೋದ.

ಮೂಗು ತಿದ್ದಿಸಲು ಬಂದವರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಯಾರ ಸಲುವಾಗಿ? ಯಾರರ ನೋಡಾಕ ಬರಾಕತ್ತಾರೇನವಾ?"

"ಇಲ್ಲ ಸರ್. ನನ್ನ ಸಲುವಾಗಿನಾ. ಬೋರ್ಡಿನ ಮ್ಯಾಲೆ ಹುಡುಗ್ರು ಒಂದು ಚಿತ್ರ ತಗದಿದ್ರು. ಹೆಸರೇನೂ ಬರದಿರಲಿಲ್ಲ. ಒಂದು ಗೆರಿ, ನಡುವ ಒಂದು ಗುಡ್ಡ, ಅಷ್ಟಾ. ನೋಡಿದ ಕೂಡ್ಲೆ ನಾನಾ ಅಂತ ಗೊತ್ತಾತು. ಅಳಿಸಿ ಪಾಠ ಮಾಡಿದೆ. ಆದ್ರ ಹಿಂಗ ಎಷ್ಟು ದಿನ ಅಳಿಸಲಿ ಸರ್?"

ಹಾಗೆ ಹೇಳುವಾಗಲೇ ಅವಳಿಗೆ ಸೀನು ಬಂತು. ಎರಡು ಬೆರಳಿನಿಂದ ಮೂಗನ್ನು ಬಿಗಿಯಾಗಿ ಹಿಡಿದಳು. 'ಪುಚ್' ಎಂದು ಇರುವೆ ಸೀನಿದಷ್ಟು ಸದ್ದು. ಅಪ್ಪನ ಸೀನಿಗೆ ನಿಲ್ದಾಣವೇ ನಗುವುದನ್ನು ಚಿಕ್ಕಂದಿನಿಂದ ಕೇಳಿದವಳು ತನ್ನ ಸೀನನ್ನು ಒಳಗೇ ನುಂಗುವುದನ್ನು ಕಲಿತಿದ್ದಳು. ನನಗೆ ಪಾಪ ಅನ್ನಿಸಿತು. ಆಗಲಿ, ಮಾಡೋಣ ಅಂದೆ.

ಅದೇ ಹೊತ್ತಿಗೆ ಹೊರಗೆ ಬೆಂಚಿನ ಕಡೆಯಿಂದ ಮೂರು ಸೀನು ಕೇಳಿಸಿದವು. ಮೂರನೆಯದಕ್ಕೆ ಬಾಗಿಲಲ್ಲಿ ನಿಂತಿದ್ದ ಟಾಂಗಾದ ಕುದುರೆ, ಟಾಂಗಾದವನನ್ನು ಬಿಟ್ಟು ತಾನೇ ಸ್ಟೇಶನ್ನಿನ ಕಡೆ ಹೊರಟಿತು.

೩. ಅಳತೆ

ಅಪ್ಪನನ್ನು ಒಳಗೆ ಕರೆದು ಎಲ್ಲ ವಿವರಿಸಿದೆ. ಆತ ಬೇಡ ಅನ್ನಲಿಲ್ಲ. ಅಳತೆ ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದ.

"ಈ ಮೂಗು ನಮ್ಮ ಅಮ್ಮಂದು ಸಾಹೇಬ್ರ. ಆಕಿಯಿಂದ ನನಗ ಬಂತು, ನನ್ನಿಂದ ಈಕಿಗೆ. ನನ್ನ ಚಾಳೀಸು ಒಂದು ದಿನ ಜಾರಿಲ್ಲ." ಟೇಪು ಬಿಚ್ಚಿ, "ಈಕಿಗೆ ಬ್ಯಾಡಾಗೇತಿ ಅಂದ್ರ ಬ್ಯಾಡ ಬಿಡ್ರಿ" ಅಂದ. ಹುಡುಗಿ ತಲೆ ತಗ್ಗಿಸಿದಳು.

ಆಮೇಲೆ ಅವನೊಳಗಿನ ದರ್ಜಿ ಎದ್ದ. "ಎಷ್ಟು ತಗೀತೀರಿ?"

"ನಡುವಿನ ಎಲುಬು ಸ್ವಲ್ಪ ಉಜ್ಜತೇನಿ. ತುದಿ ಒಂಚೂರು ಮ್ಯಾಲಕ್ಕ ಎತ್ತತೇನಿ."

"ನನ್ನ ಮಾತೊಂದು ಕೇಳ್ರಿ. ಮೊದಲ ಕಡಿಮಿ ಕತ್ತರಸ್ರಿ. ಸಡ್ಲಾದ್ರ ಆಮ್ಯಾಲೆ ಹಿಡೀಬಹುದು. ಬಿಗಿ ಆತಂದ್ರ ಮತ್ತ ಅರಿವಿ ಎಲ್ಲಿಂದ ತರ್ತೀರಿ?"

ಕಾಲೇಜಿನಲ್ಲಿ ನಮ್ಮ ಪ್ರೊಫೆಸರು ಒಂದು ಇಡೀ ವರ್ಷ ಕೂಗಿ ಹೇಳಿದ್ದು ಇದನ್ನೇ. ನಾನು ಕೈ ಮುಗಿದೆ. ದರ್ಜಿಗೆ ಧೈರ್ಯ ಬಂದು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಹಂಗಾರ ಟ್ರಾಯಲ್ಲಿಗೆ ಯಾವತ್ತು ಕರಕೊಂಡು ಬರ್ಲಿ?"

೪. ಬಾಯಿ ತೆಗೆದು

ಪಾಲಿಸಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಕನ್ನಡಕ ಬೇಡ. ಬಗ್ಗಿ ಕೊಡ ಎತ್ತುವುದು ಬೇಡ. ಮೂಗುಬೊಟ್ಟು ಸದ್ಯಕ್ಕೆ ಬೇಡ. ಮೆಣಸಿನಕಾಯಿ ಪೇಟೆಗೆ ಹೋಗಬೇಡಿ, ಮನೆಯಲ್ಲಿ ಒಗ್ಗರಣೆ ಬೇಡ. ಕಣ್ಣ ಸುತ್ತ ಕಪ್ಪಾಗುತ್ತದೆ, ಹೆದರಬೇಡಿ. ಬಾವು ಇಳಿಯಲು ತಿಂಗಳುಗಟ್ಟಲೆ ಬೇಕು, ಮೂಗಿನ ನಿಜವಾದ ರೂಪ ಕಾಣಲು ಒಂದು ವರ್ಷ. ಎಲ್ಲಕ್ಕಿಂತ ಮುಖ್ಯವಾದದ್ದಕ್ಕೆ ಎರಡು ಗೆರೆ ಎಳೆದೆ: ಸೀನು ಬಂದರೆ ಮೂಗು ಹಿಡಿಯಬಾರದು, ಬಾಯಿ ತೆಗೆದು ಸೀನಬೇಕು. ಹಿಡಿದರೆ ಒತ್ತಡವೆಲ್ಲ ಹಸಿ ಎಲುಬಿನ ಮೇಲೆ ಬೀಳುತ್ತದೆ, ರಕ್ತ ಬರುತ್ತದೆ, ಮಾಡಿದ್ದೆಲ್ಲ ನೀರಲ್ಲಿ ಹೋಮ.

ಹುಡುಗಿಗೆ ಬರುತ್ತಿದ್ದದ್ದು ಅದೊಂದೇ ಸೀನು, 'ಪುಚ್'. ನಮ್ಮ ಹಿರಿಯ ಸಿಸ್ಟರು ಅವಳಿಗೆ ಕಲಿಸುವ ಜವಾಬ್ದಾರಿ ಹೊತ್ತರು. ವಾರ್ಡಿನ ನಡುವೆ ನಿಲ್ಲಿಸಿ, "ಬಾಯಿ ದೊಡ್ಡದು ಮಾಡವಾ. ಹೂಂ, ಒಂದು, ಎರಡು, ಆಕ್ಷೀ!" ಹುಡುಗಿ ನಾಚಿಕೊಂಡು ಬಾಯಿಗೆ ಸೆರಗು ಹಿಡಿದಳು. ಅವಳಿಗೆ ಧೈರ್ಯ ಬರಲಿ ಎಂದು ಮಂಚದ ಮೇಲಿದ್ದ ರೋಗಿಗಳೆಲ್ಲ ಎದ್ದು ಕೂತು ಜೊತೆಗೂಡಿದರು. ಹೊಸರಿತ್ತಿಯಿಂದ ಕಿವಿ ತೋರಿಸಲು ಬಂದ ಒಬ್ಬ ಗೃಹಸ್ಥರು ಬಾಗಿಲಲ್ಲಿ ನಿಂತು, ಐದಾರು ಜನ ಸಿಸ್ಟರ ಎಣಿಕೆಗೆ ಸರಿಯಾಗಿ ಒಟ್ಟಿಗೆ ಸೀನುವುದನ್ನು ನೋಡಿದರು.

"ಕಿವಿ ಅಷ್ಟೇನೂ ಬ್ಯಾನಿ ಇಲ್ಲ ಬಿಡ್ರಿ" ಅಂತ ಹೇಳಿ ಬಂದ ದಾರಿ ಹಿಡಿದರು.

ಇಷ್ಟೆಲ್ಲ ಆದರೂ ಹುಡುಗಿ ಕಲಿಯಲಿಲ್ಲ. ಬ್ಯಾಡಗಿಯಲ್ಲಿ ಆಗ ಮೆಣಸಿನಕಾಯಿ ಸುಗ್ಗಿ. ಆಪರೇಶನ್ ಆದ ಮೇಲೆ ನಾಲ್ಕು ವಾರ ಊರಿಗೆ ಕಾಲಿಡಕೂಡದು, ಹಾವೇರಿಯಲ್ಲಿ ಸೋದರತ್ತೆಯ ಮನೆಯಲ್ಲಿರಬೇಕು ಎಂದು ಕರಾರು ಹಾಕಿದೆ.

೫. ಪಟ್ಟಿ ಬಿಚ್ಚಿದ ದಿನ

ದಾವಣಗೆರೆಯಿಂದ ಅರಿವಳಿಕೆ ಡಾಕ್ಟರು ಬಂದರು, ಆಪರೇಶನ್ ಸುಸೂತ್ರವಾಯಿತು. ದರ್ಜಿಯ ಮಾತು ತಲೆಯಲ್ಲಿ ಕೂತಿತ್ತು, ಅಂದುಕೊಂಡದ್ದಕ್ಕಿಂತ ಸ್ವಲ್ಪ ಕಡಿಮೆಯೇ ತೆಗೆದೆ.

ಅಪ್ಪ ದಿನಾ ಬ್ಯಾಡಗಿಯಿಂದ ಬರುತ್ತಿದ್ದ. ಮಂಚದ ಪಕ್ಕ ಕೂತು ಮಗಳ ಪಾದ ನೋಡುತ್ತಿದ್ದ. "ಊಟ ಮಾಡ್ಯಾಳೇನ್ರಿ?" ಎಂದು ಸಿಸ್ಟರನ್ನು ಕೇಳುತ್ತಿದ್ದ. ಮುಖದ ಕಡೆ ಒಮ್ಮೆಯೂ ಕಣ್ಣೆತ್ತಲಿಲ್ಲ.

ಎಂಟನೆಯ ದಿನ ಪಟ್ಟಿ ಬಿಚ್ಚಿದೆ. ಕಣ್ಣ ಸುತ್ತ ನೇರಳೆ ಬಣ್ಣ, ಮೂಗು ಬದನೆಕಾಯಿಯ ಹಾಗೆ ಊದಿತ್ತು. ಸೋದರತ್ತೆ ನೋಡಿದವರೇ, "ಇದಕ್ಕಿಂತ ಮೊದಲಿಂದಾ ಛಲೋ ಇತ್ತಲ್ರಿ ಡಾಕ್ಟ್ರ, ಅದನ್ನಾ ವಾಪಸ್ ಕೂಡಿಸ್ರಿ" ಅಂದರು. ಹುಡುಗಿ ಮಾತ್ರ ಕನ್ನಡಿ ಕೇಳಿ ಪಡೆದು, ಬಹಳ ಹೊತ್ತು ಒಂದು ಬದಿಯಿಂದ ನೋಡಿಕೊಂಡಳು. "ಗುಡ್ಡ ಇಲ್ಲ" ಎಂದು ಮೆಲ್ಲಗೆ ಹೇಳಿ ಕಣ್ಣು ಒರೆಸಿಕೊಂಡಳು. ಅಪ್ಪ ಗೋಡೆಯ ಗಡಿಯಾರ ನೋಡಿ, "ಬಸ್ಸಿನ ಹೊತ್ತಾತು" ಎಂದು ಎದ್ದು ಹೋದ. ಇನ್ನೊಂದು ತಾಸು ಬ್ಯಾಡಗಿಗೆ ಯಾವ ಬಸ್ಸೂ ಇರಲಿಲ್ಲ, ಅದು ಅವಳಿಗೂ ಗೊತ್ತಿತ್ತು.

"ಸರ್, ಅಬ್ಬಾ ನನ್ನ ಮಾರಿ ಇನ್ನ ನೋಡೂದಾ ಇಲ್ಲೇನು?"

ನನ್ನ ಚೀಟಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ತಿಳಿದಿರಬೇಕಾದ್ದೆಲ್ಲ ಬರೆದಿದ್ದೇನೆ ಎಂಬ ಜಂಭ ನನಗೆ ಆಗ ಇಳಿಯಿತು. "ಬಾವು ಇಳೀಲಿ, ಎಲ್ಲಾ ಸರಿ ಹೋಗತೈತಿ" ಅಂದೆ. ಸಿಸ್ಟರು ನನ್ನನ್ನು ಹೊರಗೆ ಕರೆದರು.

"ಆಕಿ ಬಾವಿಗೆ ಗುಳಿಗಿ ಕೊಟ್ಟೀರಿ. ಅಪ್ಪಗೂ ಬಾವು ಬಂದೈತಿ, ಅದಕ್ಕ ಏನ್ ಕೊಡ್ತೀರಿ?"

೬. ನಜರು

ನಾಲ್ಕು ವಾರ ಮುಗಿದು ಅವಳು ಮನೆಗೆ ಬಂದ ದಿನವೇ ನನ್ನ ಬ್ಯಾಡಗಿಯ ಸರದಿ. ಒಮ್ಮೆ ನೋಡಿ ಬರೋಣ ಎಂದು ಅಂಗಡಿಯ ಹಿಂದಿನ ಅವರ ಮನೆಗೆ ಹೋದೆ. ಅಪ್ಪ ನನ್ನ ಚೀಟಿಯನ್ನು ಚಾಚೂ ತಪ್ಪದೆ ಪಾಲಿಸಿದ್ದ. ಮೆಣಸಿನಕಾಯಿ ಪೇಟೆಯ ದಾರಿ ಬಿಟ್ಟು ಊರಿಗೆ ಒಂದು ಸುತ್ತು ಹಾಕಿಸಿ ಟಾಂಗಾದಲ್ಲಿ ಕರೆತಂದಿದ್ದ. ಮಗಳ ಮುಖಕ್ಕೆ ಒದ್ದೆ ಬಟ್ಟೆ. ಮನೆಯೊಳಗೆ ಒಗ್ಗರಣೆ ಕೂಡ ಬಂದ್ ಮಾಡಿಸಿದ್ದ. ಮುಖ ನೋಡುವುದೊಂದನ್ನು ಬಿಟ್ಟು ಎಲ್ಲ ಮಾಡಿದ್ದ.

ಒಳಗೆ ಅವನ ತಾಯಿ ಕಾದಿದ್ದರು. ಎಂಬತ್ತು ದಾಟಿದ ಅಜ್ಜಿ, ಆ ಮೂಗಿನ ಮೊದಲ ಒಡತಿ. ಮುಷ್ಟಿಯಲ್ಲಿ ಏನೋ ಇತ್ತು. "ಅಲ್ಲಿ ಎಷ್ಟು ಮಂದಿ ನೋಡ್ಯಾರೋ, ನಜರ್ ಆಗಿರತೈತಿ ಕೂಸಿಗೆ" ಎನ್ನುತ್ತಾ ಮೊಮ್ಮಗಳ ಸುತ್ತ ಏಳು ಸಲ ಇಳಿ ತೆಗೆದು, ನಾನು 'ಬ್ಯಾಡ್ರಿ' ಅನ್ನುವುದರೊಳಗೆ, ಮುಷ್ಟಿಯಲ್ಲಿದ್ದುದನ್ನು ಶೇಗಡಿಯ ಕೆಂಡಕ್ಕೆ ಸುರಿದೇಬಿಟ್ಟರು. ಉಪ್ಪು ಮತ್ತು ಮೆಣಸಿನಕಾಯಿ. ನಾನು ಪೇಟೆಗೆ ಹೋಗಬೇಡಿ ಎಂದು ಬರೆದಿದ್ದೆ, ಒಗ್ಗರಣೆ ಬೇಡ ಎಂದು ಬರೆದಿದ್ದೆ. ದೃಷ್ಟಿ ತೆಗೆಯಬೇಡಿ ಎಂದು ಬರೆದಿರಲಿಲ್ಲ.

ದೃಷ್ಟಿ ತಗಲಿದ್ದರೆ ಸುಟ್ಟ ಮೆಣಸಿನಕಾಯಿ ಘಾಟು ಬರುವುದಿಲ್ಲ ಎಂಬ ನಂಬಿಕೆ. ಬ್ಯಾಡಗಿ ಕಾಯಿಯೋ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಮೆಲ್ಲಗೆ ಹೊಗೆ ಎದ್ದಿತು, ನನಗೆ ಒಂದು ಕೆಮ್ಮು ಬಂತು, ಅಷ್ಟೇ. ಅಜ್ಜಿ ಎದೆಗೆ ಕೈ ಇಟ್ಟುಕೊಂಡರು.

"ಯಾ ಅಲ್ಲಾ! ಎಷ್ಟು ನಜರ್ ಆಗೇತಿ ನೋಡ್ರಿ!"

ಮತ್ತೆ ಡಬ್ಬಿಗೆ ಕೈ ಹಾಕಿದರು. ಈ ಸಲ ಬಂದದ್ದು ಗುಂಟೂರು ಕಾಯಿ, ಬೊಗಸೆ ತುಂಬ.

ಮನೆ ತುಂಬ ಘಾಟು. ಅಜ್ಜಿಯೇ ಮೊದಲು ಸೀನಿದರು, ಮೂರು. ಆಮೇಲೆ ಮಗ, ಮೂರು. ನಾನು ಒಂಟಿ ಸೀನು ಸೀನಿ ಎಲ್ಲರ ಕೆಂಗಣ್ಣಿಗೆ ಗುರಿಯಾದೆ. ಅಷ್ಟರಲ್ಲಿ ಹುಡುಗಿಯ ಕಡೆ ನೋಡಿದರೆ ಕಣ್ಣು ಮುಚ್ಚಿಕೊಂಡಿದ್ದಳು, ಎರಡು ಬೆರಳು ಹಳೆಯ ರೂಢಿಯಂತೆ ಮೂಗಿನ ಕಡೆ ಏರುತ್ತಿದ್ದವು. ನಾನು ಕೂಗಿದೆ.

"ಕೈ ತಗಿಯವಾ! ಬಾಯಿ ತಗಿ!"

ಬೆರಳು ಗಾಳಿಯಲ್ಲೇ ನಿಂತವು. ಕೈ ಇಳಿಸಿ ಬಾಯಿ ತೆರೆದಳು. ಮೊದಲನೆಯದು ಬಟ್ಟೆ ಹರಿದ ಹಾಗೆ. ಎರಡನೆಯದು ಇನ್ನೂ ದೊಡ್ಡದು. ಮೂರನೆಯದಕ್ಕೆ, ಎದುರಿನ ನಿಲ್ದಾಣದಿಂದ ಹೊರಟಿದ್ದ ಹಾವೇರಿ ಬಸ್ಸು ಹಿಂದೆ ಇನ್ನೊಂದು ಬಸ್ಸು ಬಂತೆಂದು ಬದಿಗೆ ಸರಿದು ದಾರಿ ಬಿಟ್ಟಿತು.

ಇಪ್ಪತ್ನಾಲ್ಕು ವರ್ಷ ನುಂಗಿದ್ದ ಸದ್ದು ಅದು. ಅವಳಿಗೇ ಗಾಬರಿಯಾಯಿತು, ಆಮೇಲೆ ನಗು ಬಂತು. ನಾನು ಟಾರ್ಚು ಹಾಕಿ ನೋಡಿದೆ. ಒಂದು ಹನಿ ರಕ್ತವಿಲ್ಲ, ಎಲುಬು ಕೂರಿಸಿದಲ್ಲೇ ಇತ್ತು.

ದರ್ಜಿ ಎದ್ದು ಬಂದ. ಮಗಳ ಗದ್ದವನ್ನು ಎರಡು ಬೆರಳಲ್ಲಿ ಹಿಡಿದು, ಹೊಲಿಗೆ ನೋಡುವವನ ಹಾಗೆ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ಈ ಬದಿಯಿಂದ ನೋಡಿದ, ಆ ಬದಿಯಿಂದ ನೋಡಿದ. ಆತನ ಕಣ್ಣಿಂದ ನೀರು ಇಳಿಯುತ್ತಿತ್ತು. ಅದರಲ್ಲಿ ಗುಂಟೂರಿನದು ಎಷ್ಟು, ಅವನದು ಎಷ್ಟು ಎಂದು ನಾನು ಹೇಳಲಾರೆ.

"ಛಲೋ ಆಗೇತಿ ಬೇಟಾ," ಅಂದ. ಆಮೇಲೆ ನನ್ನ ಕಡೆ ತಿರುಗಿ, ಎದೆ ಉಬ್ಬಿಸಿ, "ಮೂಗು ನೀವು ಮಾಡೀರಿ ಸಾಹೇಬ್ರ, ಇಲ್ಲ ಅನ್ನೂದಿಲ್ಲ. ಆದ್ರ ಸೀನು ಕೇಳಿದ್ರಿಲ್ಲೋ? ಅದು ನಂದು!"

ಶೇಗಡಿಯ ಹಿಂದಿನಿಂದ, ಹೊಗೆಯೊಳಗಿನಿಂದ ಅಜ್ಜಿಯ ದನಿ ಬಂತು.

"ನಿಂದೆಲ್ಲಿಂದ ಬಂತೋ? ಅದು ನಂದು!"