ಅಕ್ಕ ಬರೂತನಕ ಇಳಿಸದ ನಕ್ಷತ್ರ

ನಮ್ಮ ಮನ್ಯಾಗ ಕ್ರಿಸ್ಮಸ್ ಬಂತಂದ್ರ ಒಂದಿಲ್ಲೊಂದು ಫಜೀತಿ ಆಗೇ ಆಗತೈತಿ. ಆಗಲಿಲ್ಲಂದ್ರ ಹಬ್ಬ ಆಧಂಗ ಅನಸೂದಿಲ್ಲ. ಯಾಕಂದ್ರ ನಮ್ಮಲ್ಲಿ ಹಬ್ಬಕ್ಕ ಏನೂ ಕೊಂಡು ತರೂ ಪದ್ಧತಿ ಇಲ್ಲ. ಅಪ್ಪ ಮಿರಜದಾಗ ಸಿತಾರ ಮಾಡೂ ಅಂಗಡ್ಯಾಗ ಕೆಲಸ ಮಾಡಿದವರು, ಅವ್ವ ಮನ್ಯಾಗ ಹೊಲಿಗಿ ಮಷೀನು ಇಟ್ಟಾಕಿ. ಅಕ್ಕ, ನಾನು ಇಬ್ಬರೂ ಕತ್ತರಿ, ಅಂಟು, ಚಿಂದಿ ಅರಿವಿ ನಡುವ ಬೆಳದವರು. ಕಾಗದದ ನಕ್ಷತ್ರ, ಗೊಂಬಿ ಇಡೂ ಗೋದಲಿ, ಹೊಸ ಅರಿವಿ, ಕರ್ಜಿಕಾಯಿಯಂಥಾ ಕರಂಜಿ ಎಲ್ಲಾ ಕೈಲೇ ಆಗಬೇಕು.

ಇನ್ನೊಂದು ಪದ್ಧತಿ ಅವ್ವ ಹಾಕಿದ್ದು. ಮನಿಮಂದಿ ಎಲ್ಲಾರೂ ಕಣ್ಣಾರೆ ನೋಡೂತನಕ ಬಾಗಲದ ನಕ್ಷತ್ರ ಇಳಸಂಗಿಲ್ಲ. ಅಕ್ಕ ನರ್ಸ್ ಆಗಿ ಮಸ್ಕತ್ತಿಗೆ ಹೋದಳು. ಅಲ್ಲಿ ಡಿಸೆಂಬರದಾಗ ಆಕಿಗೆ ರಜಾ ಅಂಬೂದು ಸಿಗಲೇ ಇಲ್ಲ. ಹಿಂಗಾಗಿ ನಮ್ಮ ನಕ್ಷತ್ರ ವರ್ಷಗಟ್ಟಲೆ ಬಾಗಲದಾಗ ತೂಗೇ ಇತ್ತು. ಓಣಿಯವರು ನಗತಿದ್ರು. ನಗಲಿ ಬಿಡ್ರಿ, ನಾವೂ ನಗತಿದ್ವಿ.

ಕತ್ತಿ ಹಿಡಿದ ಕುರಿ ಕಾಯವರು

ಇದು ಅಕ್ಕ ಸಾಲಿಗೆ ಹೋಗತಿದ್ದಾಗಿನ ಮಾತು. ಗೋದಲಿಗೆ ಮಣ್ಣಿನ ಗೊಂಬಿ ಮಾಡೂದು ಆಕಿ ಕೆಲಸ. ಮರಿಯಮ್ಮ, ಯೋಸೇಫ, ಕೂಸು, ಒಂದು ಡುಬ್ಬದ ಒಂಟಿ ಆಗೂದ್ರಾಗ ಮಣ್ಣು ತೀರಿತು. ಕುರಿ ಕಾಯವರನ್ನ ಎಲ್ಲಿಂದ ತರೂದು?

ನಮ್ಮ ಕಡೆ ದೀಪಾವಳಿಗೆ ಮಕ್ಕಳು ಅಂಗಳದಾಗ ಮಣ್ಣಿನ ಕಿಲ್ಲಾ ಕಟ್ಟಿ, ಅದರ ಮ್ಯಾಲೆ ಬಣ್ಣದ ಸೈನಿಕರನ್ನ ನಿಲ್ಲಸತಾರ. ಹಬ್ಬ ಮುಗಿದ ಮ್ಯಾಲೆ ಬಾಜೂ ಮನಿ ಮರಾಠಿ ಮಾವಶಿ ಆ ಸೈನಿಕರನ್ನೆಲ್ಲಾ ಬುಟ್ಟ್ಯಾಗ ತುಂಬಿ ಇಡತಿದ್ರು. ಅಕ್ಕ ಹೋಗಿ, "ಮಾವಶಿ, ನಿಮ್ಮ ಸೈನಿಕರು ಸುಮ್ಮ ಕುಂತಾರಲ್ಲ, ನಮ್ಮಲ್ಲಿ ಕುರಿ ಕಾಯಾಕ ಕಳಸ್ರಿ" ಅಂದಳು. ಮಾವಶಿ ನಕ್ಕೋತ ಬುಟ್ಟಿ ಕೊಟ್ಟರು. ಅಕ್ಕ ಅವ್ವನ ಚಿಂದಿ ಅರಿವಿ ಕತ್ತರಿಸಿ ಎಲ್ಲಾರಿಗೂ ಒಂದೊಂದು ಕಂಬಳಿ ಹೊಚ್ಚಿದಳು. ಖರೇ, ಕೈಯಾಗಿನ ಕತ್ತಿ ಬಿಡಸಾಕ ಬರಲಿಲ್ಲ.

ಸಂಜಿಮುಂದ ಪಾಸ್ಟರ್ ಬಂದರು. ಬಗ್ಗಿ ನೋಡಿ, "ಇವರ‍್ಯಾರಮ್ಮಾ?" ಅಂದರು.

"ಕುರಿ ಕಾಯವರ‍್ರಿ."

"ಕುರಿ ಕಾಯವರ ಕೈಯಾಗ ಕತ್ತಿ ಯಾಕ?"

"ಈಗ ಕುರಿ ಕದಿಯವರು ಭಾಳ ಆಗ್ಯಾರ್ರಿ."

ಪಾಸ್ಟರ್ ನಗು ತಡಕೊಂಡು, "ಹಂಗಾದ್ರ ಕುದರಿ ಮ್ಯಾಲೆ ಕುಂತಾಂವ?" ಅಂದರು.

"ಅಂವಾ ಕಳ್ಳನ್ನ ಬೆನ್ನ ಹತ್ಯಾನ್ರಿ."

ಬಡಿದ್ರ ನಾದ ಕೊಡೂ ಗವಿ

ಗೋದಲಿಯ ಗವಿ ಮಾಡೂದು ಅಪ್ಪನ ಪಾಳಿ. ಸಿತಾರಕ್ಕ ಒಣಗಿದ ದೊಡ್ಡ ಸೋರಿಕಾಯಿ ಬುರುಡಿ ಬೇಕಾಗತೈತಿ, ಅದಕ್ಕ ನಾವು ಭೋಪಳಾ ಅಂತೇವಿ. ಒಡದದ್ದು, ಸೀಳಿದ್ದು ಇದ್ರ ಅಪ್ಪ ಮನಿಗೆ ತಂದು, ಬಾಯಿ ಕೊರದು, ಒಳಗ ಹುಲ್ಲು ಹಾಸತಿದ್ರು. ಒಂದು ವರ್ಷ ಅಂಗಡಿ ಮಾಲಕರು, ಅವರಿಗೆ ನಾವು ಚಾಚಾ ಅಂತಿದ್ವಿ, "ಮೂಲ್ಯಾಗಿನ ಭೋಪಳಾ ತಗೊಂಡು ಹೋಗಪಾ" ಅಂದ್ರು. ಅಂಗಡಿಗೆ ನಾಕು ಮೂಲಿ. ಅಪ್ಪ ಯಾವ ಮೂಲ್ಯಾಗಿಂದು ತಂದ್ರೋ ದೇವರಿಗೇ ಗೊತ್ತು.

ಹಬ್ಬದ ದಿನ ಚಾಚಾ ಕರಂಜಿ ತಿನ್ನಾಕ ಬಂದರು. ಸಿತಾರ ಮಾಡವರಿಗೆ ಒಂದು ಚಟಾ ಇರತೈತಿ, ಭೋಪಳಾ ಕಂಡ್ರ ಬಡದು ನೋಡದಽ ಬಿಡೂದಿಲ್ಲ. ಚಾಚಾ ಗವಿ ನೆತ್ತಿ ಮ್ಯಾಲೆ ಬೆರಳಿಲೆ ಬಡದರು. ಟಣ್ಣಂತು. ಮತ್ತೊಮ್ಮೆ ಬಡದು ಕಿವಿ ಹಚ್ಚಿದರು. ಒಳಗ ಯೋಸೇಫ ಅಡ್ಡ ಬಿದ್ದ.

"ಅರೇ! ಇದನ್ನ ನಾ ವಾರದಿಂದ ಹುಡಕಾಕ ಹತ್ತೇನಲ್ಲೋ! ಇಂಥಾ ಮಾಲು ವರ್ಷಕ್ಕೊಂದು ಸಿಗತೈತಿ!"

ಅಪ್ಪನ ಗಂಟಲದಾಗ ಕರಂಜಿ ಸಿಕ್ಕೊಂಡಿತು. ಅಕ್ಕ ಲಗೂನ ತಾಟು ಮುಂದ ಮಾಡಿ, "ಚಾಚಾ, ಇನ್ನೊಂದು ತಗೋರಿ" ಅಂದಳು. ಚಾಚಾ ಹುಲ್ಲಿನ ಮ್ಯಾಲೆ ಮಲಗಿದ್ದ ಕೂಸನ್ನ ನೋಡಿದರು, ಬೆವತಿದ್ದ ಅಪ್ಪನ್ನೂ ನೋಡಿದರು.

"ಇರ್ಲಿ ಬಿಡಪಾ" ಅಂದರು. "ಆದ್ರ ನೋಡು, ಇಂಥಾ ಭೋಪಳದಾಗ ಕೂಸು ಅತ್ತರ ಇಡೀ ಮಿರಜಕ್ಕ ಕೇಳತೈತಿ."

ನಕ್ಷತ್ರದ ಲಾಜು

ಅಕ್ಕ ಹೋದ ಮರುವರ್ಷ. ಜೂನ್ ತಿಂಗಳು, ಜಿಟಿಜಿಟಿ ಮಳಿ. ನಕ್ಷತ್ರಕ್ಕ ಪ್ಲಾಸ್ಟಿಕ್ ಚೀಲಾ ತೊಡಿಸಿ ಒಳಗ ಬಲ್ಬು ಹಚ್ಚಿದ್ವಿ. ವಿಜಯಪುರ, ಬಾಗಲಕೋಟಿ ಕಡಿಂದ ದವಾಖಾನಿಗೆ ಬರೂ ಮಂದಿ ನಮ್ಮ ಓಣ್ಯಾಗೇ ಹಾಯ್ದು ಹೋಗತಾರ. ಒಂದಿನ ಒಬ್ಬ ಗಂಡಸು ಸೊಂಟ ಹಿಡಕೊಂಡು ನಿಂತಿದ್ದ. ಬಾಜೂಕ ಹೆಂಡತಿ, ಹಿಂದ ರೊಟ್ಟಿ ಗಂಟು ಹೊತ್ತ ಆಕಿ ಮುದುಕಿ ಅತ್ತಿ.

"ರೂಮ್ ಐತೇನ್ರಿ?"

"ಇದು ಲಾಜ್ ಅಲ್ರಿ, ಮನಿ" ಅಂದೆ.

"ಮತ್ತ ನಕ್ಷತ್ರ ತೂಗ ಹಾಕೀರಿ?"

"ಅದು ಕ್ರಿಸ್ಮಸ್‌ದ್ರಿ."

"ಜೂನ್‌ದಾಗ?"

ಅಷ್ಟರಾಗ ಅವ್ವ ಒಳಗಿಂದ ಬಂದಳು. "ನಕ್ಷತ್ರ ನೋಡಿ ಬಂದವರಿಗೆ ಜಾಗಾ ಇಲ್ಲ ಅನ್ನಾಕ ನನಗ ಬಾಯಿ ಬರೂದಿಲ್ಲ. ಬರ್ರಿ ಒಳಗ. ಬಸರಿ ಯಾರು?"

"ಬಸರಿ ಯಾರೂ ಇಲ್ರಿ" ಅಂದ ಆ ಗಂಡಸು. "ನಂಗ ಕಿಡ್ನ್ಯಾಗ ಕಲ್ಲು ಆಗ್ಯಾವ್ರಿ."

ಅವ್ವ ಅವರಿಗೆ ಅಕ್ಕನ ರೂಮು ಬಿಟ್ಟುಕೊಟ್ಟಳು. ಆ ಅಜ್ಜಿ ಮಂಚದ ಮ್ಯಾಲೆ ಕೈಯಾಡಿಸಿ, "ಇದು ಯಾರ ಜಾಗಾರಿ?" ಅಂತ ಕೇಳಿದ್ರ, ಅವ್ವ, "ನಮ್ಮ ಹಿರೇ ಮಗಳದು, ಬರತಾಳ" ಅಂದಳು. ಈಗ ಬಂದೇ ಬಿಡತಾಳ ಅನ್ನೂಹಂಗ ಬಾಗಲ ಕಡೆ ನೋಡಿದಳು.

ಅವರು ಆರಾಮ ಆಗಿ ಊರಿಗೆ ಹೋದ ಮುಂದಿನ ವಾರ ಮತ್ತೊಂದು ಸಂಸಾರ ಬಾಗಲದಾಗ ನಿಂತಿತ್ತು. "ನಮ್ಮೂರವರು ಹೇಳಿ ಕಳಿಸ್ಯಾರ್ರಿ, ಮಿರಜಕ್ಕ ಹೋದ್ರ ನಕ್ಷತ್ರದ ಲಾಜಿನ್ಯಾಗಽ ಇಳೀರಿ, ಊಟಾನೂ ಛಲೋ ಐತಿ ಅಂತ."

ಫೋನಿಗೆ ಕರಂಜಿ

ಹಬ್ಬದ ಊಟಕ್ಕ ಅಕ್ಕ ಕುಂದರತಿದ್ದ ಮಣಿ ಮ್ಯಾಲೆ ಫೋನು ಕುಂದ್ರಸತೇವಿ. ತಂಬಿಗಿಗೆ ಆನಿಸಿ ಇಟ್ಟು, ಮುಂದ ತಾಟು ಇಟ್ಟು, ಅವ್ವ ಆಕಿಗೂ ಬಡಸತಾಳ. ಅಕ್ಕ ಅಲ್ಲಿ ಡ್ಯೂಟಿ ನಡುವ ಒಂದು ಗಳಿಗಿ ಹೊರಗ ಬಂದು, ಗ್ವಾಡಿಗೆ ಆತುಕೊಂಡು ನಿಂತು ಮಾತಾಡತಾಳ. ಒಂದು ಸಲ ನೆಟ್‌ವರ್ಕ್ ನಿಂತು, ಆಕಿ ಬಾಯಿ ತೆರದದ್ದು ತೆರದಂಗಽ ಉಳೀತು. "ಪಾಪ, ಹಸದಾಳ" ಅಂತ ಅವ್ವ ಕರಂಜಿ ಹಿಡದು ಬಾಯಿಗೆ ಇಟ್ಟೇ ಬಿಟ್ಟಳು.

ನೆಟ್‌ವರ್ಕ್ ತಿರುಗಿ ಬಂತು. "ಅವ್ವಾ, ಏನೂ ಕಾಣವಲ್ತು! ಮಿರಜದಾಗ ಮಂಜು ಬಿದ್ದೈತೇನು?"

"ಮಂಜಲ್ಲ, ತುಪ್ಪ" ಅಂದಳು ಅವ್ವ.

ನಾವು ಬಿದ್ದು ಬಿದ್ದು ನಕ್ವಿ. ಅಕ್ಕ ಫೋನು ಇಟ್ಟ ಮ್ಯಾಲೂ ಅವ್ವ ಸೀರಿ ಸೆರಗಿಲೆ ಅದನ್ನ ಒರಸಾಕ ಹತ್ತಿದ್ದಳು. ತುಪ್ಪ ಯಾವಾಗೋ ಹೋಗಿತ್ತು.

ಇನ್ನ ಬ್ಲೌಸಿನ ಕತಿ. ಅಕ್ಕ ಹೋಗೂಮುಂದ ಅಳತಿಗಂತ ಒಂದು ಬ್ಲೌಸ್ ಬಿಟ್ಟು ಹೋಗಿದ್ದಳು. ಪ್ರತಿ ಕ್ರಿಸ್ಮಸ್‌ಗೆ ಅವ್ವ ಅದರ ಅಳತಿ ಮ್ಯಾಲೆ ಒಂದು ಹೊಸದು ಹೊಲದು ಟ್ರಂಕಿನ್ಯಾಗ ಇಡತಾಳ. "ಅವ್ವಾ, ಅಕ್ಕ ಈಗ ಮೈಕೈ ತುಂಬಿಕೊಂಡಾಳ, ಫೋನಿನ್ಯಾಗ ನೋಡಿಲ್ಲೇನು?" ಅಂದ್ರ, "ಫೋನಿನ್ಯಾಗ ಎಲ್ಲಾರೂ ದಪ್ಪ ಕಾಣತಾರ, ನೀನೂ ಕಾಣತಿ" ಅಂತ ನನಗಽ ತಿರುಗಿಸಿ ಕೊಡತಾಳ.

ಮೇ ತಿಂಗಳದಾಗ ಹಿಮ

ಹೋದ ವರ್ಷ ಅಕ್ಕನ ಫೋನು ಬಂತು. "ಅವ್ವಾ, ರಜಾ ಸಿಕ್ತು. ಆದ್ರ ಮೇ ತಿಂಗಳದಾಗ."

"ಮೇ ಆದ್ರೇನಾತು? ನಕ್ಷತ್ರ ಹೆಂಗೂ ಮ್ಯಾಲೇ ಐತಿ" ಅಂದಳು ಅವ್ವ.

ಸುರು ಆತು ನೋಡ್ರಿ ಹಬ್ಬ! ಅಪ್ಪ ನಕ್ಷತ್ರಕ್ಕ ಹೊಸ ಕಾಗದ ಹಚ್ಚಿದರು. ರಣಗುಡೂ ಬಿಸಲಾಗ ನಾನು, ಅವ್ವ ಒಲಿ ಮುಂದ ಕುಂತು ಕರಂಜಿ ಕರದ್ವಿ. ಕರಂಜಿಗಿಂತ ಹೆಚ್ಚು ನಾವಽ ಬೆಂದ್ವಿ. ಪಾಸ್ಟರ್ ಗಾಬರಿ ಆಗಿ, "ಈಗೆಲ್ಲಿ ಕ್ರಿಸ್ಮಸ್ ತಾಯಿ?" ಅಂದ್ರ, ಅವ್ವ, "ದೇವರ ಮಗ ನಮ್ಮ ಮನಸಿನ್ಯಾಗ ದಿನಾ ಹುಟ್ಟಬೇಕು ಅಂತ ನೀವಽ ಹೇಳತೀರಿ. ದಿನಾ ಅಂದ್ರ ಅದರಾಗ ಮೇ ಬರೂದಿಲ್ಲೇನ್ರಿ?" ಅಂದಳು. ಪಾಸ್ಟರ್ ಹಾಡಿನ ಪುಸ್ತಕ ತಗೊಂಡು ಬಂದರು. ಮಾವಶಿ ಕೇಳದಽ ಬುಟ್ಟಿ ಹಿಡಕೊಂಡು ಬಂದು, "ಘ್ಯಾ, ತಗೋರಿ, ಕುರಿ ಕಾಯವರು ಬಂದ್ರು" ಅಂದರು.

ಅಪ್ಪ ಗವಿ ಮ್ಯಾಲೆ ಹಿಮ ಅಂತ ಹತ್ತಿ ಹಿಂಜಿ ಹರವಿದ್ದರು. ಸೆಕಿ ತಾಳದಽ ಯಾರೋ ಫ್ಯಾನ್ ಹಚ್ಚಿದರು. ಹತ್ತಿ ಎಲ್ಲಾ ಎದ್ದು ಪಾಸ್ಟರ್ ಗಡ್ಡಕ್ಕ, ಮಾವಶಿ ತುರುಬಿಗೆ, ಕರಂಜಿ ತಾಟಿಗೆ ಹತ್ತಿತು. "ಅಗಂ ಬಾಯೀ!" ಅಂದರು ಮಾವಶಿ, "ಮಿರಜದಾಗ ಖರೇನ ಹಿಮ ಬಿತ್ತಲ್ಲ!"

ಅದೇ ಹೊತ್ತಿಗೆ ರಿಕ್ಷಾ ನಿಂತಿತು. ಅಕ್ಕ ಇಳದು ಬಂದು ನಕ್ಷತ್ರದ ಕೆಳಗ ನಿಂತು, ಕುತ್ತಿಗಿ ಎತ್ತಿ ನೋಡಿದಳು. ಆಮ್ಯಾಲೆ ತಾನೇ ಸ್ಟೂಲು ಹತ್ತಿ ಅದನ್ನ ಇಳಿಸಿ, ಎದಿಗೆ ಅವಚಿಕೊಂಡು ಅತ್ತಳು. ಅಪ್ಪನೂ ಅತ್ತರು, ನಾನೂ ಅತ್ತೆ. ಅವ್ವ ಮಾತ್ರ ಟ್ರಂಕು ತೆಗದು ಬ್ಲೌಸ್ ಹರವಿದಳು.

ಮೊದಲಿಂದು ಮೊಳಕೈ ದಾಟಲಿಲ್ಲ. ಎರಡನೇದು ಹೆಗಲದಾಗ ಪರ‍್ರಂತು. ನನಗ ನಗು ತಡೀಲಿಲ್ಲ. "ಅವ್ವಾ, ನಾ ಹೇಳಿದ್ನಿಲ್ಲೋ?"

"ಬ್ಲೌಸಿಂದೇನೂ ತಪ್ಪಿಲ್ಲ" ಅಂದಳು ಅವ್ವ. "ಆಯಾ ವರ್ಷ ಬಂದಿದ್ರ ಬರೋಬ್ಬರಿ ಆಗತಿದ್ದವು."

ಅಕ್ಕ ತಿರುಗಿ ಹೊಂಟ ದಿನ ನೋಡಿದ್ರ ನಕ್ಷತ್ರ ಮತ್ತ ಬಾಗಲದಾಗ. "ಅವ್ವಾ, ನಾ ನೋಡಿದ್ನಲ್ಲ?" ಅಂದಳು ಅಕ್ಕ.

"ಮೇ ತಿಂಗಳದ್ದು ನೋಡಿದಿ. ಡಿಸೆಂಬರದ್ದು ಎಲ್ಲೆ ನೋಡಿದಿ?"

ಸ್ಟೇಶನ್ನಿನ್ಯಾಗ ಗಾಡಿ ಬಿಡೂ ಹೊತ್ತಿಗೆ ಅವ್ವ ಕಿಟಕ್ಯಾಗ ಒಂದು ಹೊಸ ಬ್ಲೌಸ್ ಕೊಟ್ಟಳು. ಈ ಸಲ ಟೇಪು ಹಿಡದು ಹೊಸದಾಗಿ ಅಳತಿ ತಗೊಂಡು ಹೊಲದದ್ದು. ಅಕ್ಕ ಅದನ್ನ ಒಳಮಗ್ಗಲ ಮಾಡಿ ನೋಡಿದಳು. ಎರಡೂ ಕಡೆ ಅಂಗೈ ಅಗಲ ಅರಿವಿ ಒಳಗ ಮಡಚಿ, ಒಂದರ ಬಾಜೂಕ ಒಂದು ನಾಕೈದು ಹೊಲಿಗಿ ಹಾಕಿತ್ತು.

"ಅಯ್ಯ ಅವ್ವಾ, ಒಳಗ ಇಷ್ಟ್ಯಾಕ ಅರಿವಿ ಬಿಟ್ಟಿ? ನಾ ಏನು ಆನಿ ಆಗತೇನೇನು?"

ಗಾಡಿ ಅಲುಗಿತು. ಅವ್ವ ಕಿಟಕಿ ಸರಳು ಹಿಡಕೊಂಡು ಬಾಜೂಕ ನಾಕ ಹೆಜ್ಜಿ ನಡದಳು.

"ಬೇಕಾಗತೈತಿ ಇರಲಿ" ಅಂದಳು. "ನೀ ಮತ್ತ ತಡಾ ಮಾಡಿ ಬರಾಕಿ. ಒಂದೊಂದು ವರ್ಷಕ್ಕ ಒಂದೊಂದು ಹೊಲಿಗಿ ಬಿಚ್ಚಕೋತ ಹೋಗು. ಅರಿವಿ ಮುಗಿಯೂದ್ರೊಳಗ ಮನಿಗೆ ಬಾ."