ಖ್ವಾಯ್‌ಗೆ ಒಂದು ಖಾಲಿ ಸೀಟು

ಹತ್ತೊಂಬತ್ತು ವರ್ಷದಿಂದ ನಾನು ಊರವರಲ್ಲದವರಿಗೆ ಆನೆ ತೋರಿಸಿಕೊಂಡು ಬದುಕುತ್ತಿದ್ದೇನೆ. 'ಬಲಕ್ಕೆ ನೋಡಿ' ಎಂದರೆ ಎಂಟು ತಲೆ ಬಲಕ್ಕೆ ತಿರುಗುತ್ತವೆ. 'ಶ್!' ಎಂದರೆ ಎಂಟು ಬಾಯಿ ಮುಚ್ಚುತ್ತವೆ. ಇಂಥ ಚಕ್ರಾಧಿಪತ್ಯ ನಮ್ಮ ಇಡೀ ಕಸಾನೆ ಊರಿನಲ್ಲಿ ಬೇರೆ ಯಾರಿಗಿದೆ ಹೇಳಿ? ಆದರೆ ಈ ಸಾಮ್ರಾಜ್ಯದ ಗಡಿ ನಮ್ಮ ಮನೆಯ ಮುಳ್ಳುಬೇಲಿಯ ತನಕ ಮಾತ್ರ. ಬೇಲಿ ದಾಟಿದರೆ 'ಬಲಕ್ಕೆ ನೋಡಿ' ಎನ್ನುವವಳು ನನ್ನ ಹೆಂಡತಿ. ನೋಡಿದರೆ ಅಲ್ಲಿ ಸೀಳಬೇಕಾದ ಕಟ್ಟಿಗೆ ಬಿದ್ದಿರುತ್ತದೆ.

ನಮ್ಮ ಕಂಪನಿಯ ಯಾತ್ರೆ ಹತ್ತು ದಿನದ್ದು. ಚೋಬೆ ನದಿಯ ಮೇಲೆ ದೋಣಿಮನೆಯಲ್ಲಿ ಮೂರು ರಾತ್ರಿ, ಆಮೇಲೆ ಎತ್ತರದ ಲಾರಿ ಹತ್ತಿ ಕಾಡಿನೊಳಗಿನ ಸವೂಟಿ, ಖ್ವಾಯ್, ಕೊನೆಗೆ ಮೌನ್ ಪಟ್ಟಣ. ಅಲ್ಲಿ ಅತಿಥಿಗಳು ವಿಮಾನ ಹತ್ತುತ್ತಾರೆ. ಖಾಲಿ ಲಾರಿ ಕಾಡಿನ ದಾರಿ ಬಿಟ್ಟು, ಡಾಂಬರು ರಸ್ತೆಯಲ್ಲಿ ಸುತ್ತಿ ಬಳಸಿ ಕಸಾನೆಗೆ ವಾಪಸಾಗುತ್ತದೆ. ಮನೆಯಲ್ಲಿ ಎರಡೋ ಮೂರೋ ದಿನ. ಮತ್ತೆ ದೋಣಿ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು ಎಂದು ಹೇಳಿಕೊಳ್ಳುತ್ತೇವೆ. ಕೂಡಿ ಕಳೆದರೆ ಒಂದೇ ಸೂರಿನಡಿ ಇದ್ದದ್ದು ಆರೇಳು ವರ್ಷ ಇದ್ದೀತು. (ಅದಕ್ಕೇ ನಿಮ್ಮ ಸಂಸಾರ ಇನ್ನೂ ನಿಂತಿದೆ ಎನ್ನುತ್ತಾನೆ ನಮ್ಮ ಡ್ರೈವರ್ ಸಿನ್ವುಲಾ. ಅವನಿಗೆ ಮದುವೆಯಾಗಿಲ್ಲ.)

ನನ್ನ ಹೆಸರು ಮೋವಾಗಿ, ಹೆಂಡತಿಯದು ಕೆಲೆಬೊನ್ಯೆ. ಅದರ ಅರ್ಥವೇ 'ನೋಡಿದ್ದೇನೆ' ಎಂದು. "ಹೆಸರಿಗೆ ನೋಡಿದ್ದೇನೆ, ನೋಡಿದ್ದು ಮಾತ್ರ ನಿಮ್ಮ ಮುಖವೊಂದೇ" ಎಂದು ಅವಳು ಹೇಳುವುದುಂಟು. ಮಗಳು ಕಿತ್ಸೊ ಫ್ರಾನ್ಸಿಸ್‌ಟೌನಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಅವಳು ಹುಟ್ಟಿದಂದಿನಿಂದ ನಾನು ರಾ-ಕಿತ್ಸೊ, ಇವಳು ಮಾ-ಕಿತ್ಸೊ; ಅಂದರೆ ಕಿತ್ಸೊನ ಅಪ್ಪ, ಕಿತ್ಸೊನ ಅಮ್ಮ. ಹೆಸರು ಹಿಡಿದು ಕರೆಯುವುದು ಜಗಳ ತಾರಕಕ್ಕೇರಿದಾಗ ಮಾತ್ರ.

ನಿಜ ಹೇಳಬೇಕೆಂದರೆ ಹೊರಟ ಮಾರನೆಯ ದಿನವೇ ನನಗೆ ಮನೆ ನೆನಪಾಗತೊಡಗುತ್ತದೆ. ದೋಣಿಮನೆಯಲ್ಲಿ ಬೆಣ್ಣೆ ಸವರಿದ ಮೀನು ಬಡಿಸುತ್ತಾರೆ. ನನ್ನ ನಾಲಿಗೆ ಮಾ-ಕಿತ್ಸೊ ಕುಟ್ಟಿದ ಮಾಂಸ, ಜೋಳದ ಗಂಜಿ ಹುಡುಕುತ್ತದೆ. ನದಿಯ ತಿರುವಿನಲ್ಲಿ ದಿಬ್ಬದ ಮೇಲಿನ ನಮ್ಮ ತಗಡಿನ ಮಾಡು ಕಾಣುತ್ತದೆ. ಅಲ್ಲಿಗೆ ಬಂದಾಗಲೆಲ್ಲ ನನ್ನ ದುರ್ಬೀನು ತಾನಾಗಿ ಕಣ್ಣಿಗೇರುತ್ತದೆ. ಒಂದು ದಿನ ಹಾಗೇ ಏರಿತು. ಅಂಗಳದಲ್ಲಿ ನೀಲಿ ತಲೆವಸ್ತ್ರ ಆಚೀಚೆ ಆಡುತ್ತಿತ್ತು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಹಿಂದಿನಿಂದ ಒಬ್ಬರು ಪಿಸುಗುಟ್ಟಿದರು: "ಏನದು, ಚಿರತೆಯೆ?"

ಅಷ್ಟು ಸಾಕಾಯಿತು. ಎಂಟು ದುರ್ಬೀನುಗಳು ಏಕಕಾಲಕ್ಕೆ ನನ್ನ ಹೆಂಡತಿಯತ್ತ ತಿರುಗಿದವು. ಅವಳು ಆಗ ಹಗ್ಗದ ಮೇಲೆ ನನ್ನ ಒಳಚಡ್ಡಿ ಹರವುತ್ತಿದ್ದಳು.

ಮನೆಗೆ ಹೋದಾಗ ಬಾಗಿಲಲ್ಲೇ ವಿಚಾರಣೆ ಶುರುವಾಯಿತು.

"ಗಾಜು ಫಳಫಳ ಹೊಳೀತಿತ್ತು ರಾ-ಕಿತ್ಸೊ. ಒಂದಲ್ಲ, ಎಂಟು! ನಾನೇನು ನೀರಾನೆಯಾ?"

"ಛೆ ಛೆ, ಯಾರು ಹಾಗಂದೋರು? ನಾನು ನೋಡ್ತಿದ್ದೆ, ಅವರೂ ನೋಡಿದ್ರು."

"ನೀವ್ಯಾಕೆ ನೋಡಿದ್ರಿ?"

"ನೆನಪಾಯ್ತು, ನೋಡಿದೆ."

ಅವಳು ಮೊದಲಿಗಿಂತ ಜೋರಾಗಿ, "ನೆನಪಾದ್ರೆ ಮನುಷ್ಯರು ಕರ್ಕೊಂಡು ಹೋಗ್ತಾರೆ! ಜಗತ್ತಿನವರಿಗೆಲ್ಲ ತೋರಿಸ್ತೀರಿ. ನನಗೆ ಇಪ್ಪತ್ತೆರಡು ವರ್ಷದಲ್ಲಿ ತೋರಿಸಿದ್ದು ಬಸ್ ನಿಲ್ದಾಣ!" ಎಂದು ಒಳಗೆ ಹೋದಳು.

ಆಗಲೇ ನನ್ನ ತಲೆಯಲ್ಲಿ ದಿವ್ಯ ಯೋಚನೆಯೊಂದು ಮೊಳೆಯಿತು. ಹೆಂಡತಿಯನ್ನು ಒಂದು ಸಲ ಜೊತೆಗೇ ಕರೆದೊಯ್ದರೆ? ಹತ್ತು ದಿನ ಪಕ್ಕದಲ್ಲೇ ಇರುತ್ತಾಳೆ. ಸಿಂಹ ಗರ್ಜಿಸಿದರೆ ಹೆದರಿ ನನ್ನ ತೋಳು ಹಿಡಿಯುತ್ತಾಳೆ. ನಾನು 'ಹೆದರಬೇಡ, ನಾನಿದ್ದೇನೆ' ಎನ್ನುತ್ತೇನೆ. (ಈ ವಾಕ್ಯವನ್ನು ಲಾರಿ ತೊಳೆಯುತ್ತ ನಾಲ್ಕು ಸ್ವರದಲ್ಲಿ ಅಭ್ಯಾಸ ಮಾಡಿದ್ದೆ.)

ಅದೃಷ್ಟಕ್ಕೆ ಮುಂದಿನ ತಂಡದಲ್ಲಿ ಒಂದು ಸೀಟು ಖಾಲಿ ಇತ್ತು. ಸ್ವೀಡನ್ನಿನ ಗುನ್ವೋರ್ ಎಂಬ ಎಪ್ಪತ್ತರ ಹೆಂಗಸು ಗಂಡನ ಜೊತೆ ಬರುವುದೆಂದು ಎರಡು ಸೀಟು ಹಿಡಿದಿದ್ದರು. ಚಳಿಗಾಲದಲ್ಲಿ ಗಂಡ ತೀರಿಕೊಂಡರು. ಆಕೆ ಒಬ್ಬರೇ ಬಂದಿದ್ದರು. ಕಂಪನಿಯ ಒಡತಿ, "ಆ ಅಮ್ಮ ಒಪ್ಪಿದ್ರೆ ಕರ್ಕೊಂಡು ಹೋಗು" ಎಂದರು. ಕೇಳಲು ನನಗೆ ನಾಚಿಕೆಯಾಯಿತು. ಗುನ್ವೋರ್ ಮಾತ್ರ ನನ್ನ ಕೈ ಹಿಡಿದು, "ಪಕ್ಕದ ಸೀಟು ಖಾಲಿ ಇರೋದನ್ನ ಹತ್ತು ದಿನ ಹೇಗೆ ನೋಡೋದು ಅಂತಿದ್ದೆ. ಕರೆತನ್ನಿ" ಎಂದರು.

ಮಾ-ಕಿತ್ಸೊ ಚರ್ಚಿಗೆ ಹೋಗುವ ಉಡುಪಿನಲ್ಲಿ ದೋಣಿ ಹತ್ತಿದಳು. ತಿರುವು ಬಂದಾಗ ಕಟಕಟೆ ಹಿಡಿದು ನಮ್ಮ ಮನೆಯನ್ನು ನೋಡಿದಳು. ಕಾಡು ಕೋಳಿಯಷ್ಟು ಚಿಕ್ಕದಾಗಿ ಕಾಣುತ್ತಿತ್ತು.

"ಇಷ್ಟೇನಾ?" ಎಂದಳು ಮೆಲ್ಲಗೆ. "ನಾನು ದಿನಾ ಅಲ್ಲಿ ಇದ್ದದ್ದು, ನಿಮಗೆ ಇಷ್ಟೇ ಕಾಣ್ತಿತ್ತಾ?"

"ಬಲಕ್ಕೆ ನೋಡಿ, ಮೊಸಳೆ" ಎಂದೆ.

ಆ ಸಂಜೆ ಊಟದ ಮೇಜಿನಲ್ಲಿ ನನ್ನ ಜಗದ್ವಿಖ್ಯಾತ ಕಥೆ ತೆಗೆದೆ. ಮದುವೆಯಾದ ಹೊಸತರಲ್ಲಿ ಮಾವನ ದನದ ದೊಡ್ಡಿಗೆ ನುಗ್ಗಿದ ಸಿಂಹವನ್ನು ಉರಿಯುವ ಕೊಳ್ಳಿ ಬೀಸಿ ಅಟ್ಟಿದ ಕಥೆ. ಹತ್ತೊಂಬತ್ತು ವರ್ಷದಿಂದ ಹೇಳಿ ಹೇಳಿ ಸಿಂಹದ ಕೇಸರವೇ ಒಂದು ಮೊಳ ಬೆಳೆದಿತ್ತು. ಎಲ್ಲರೂ ಚಪ್ಪಾಳೆ ತಟ್ಟುವ ಹೊತ್ತಿಗೆ ನನ್ನ ಅರ್ಧಾಂಗಿ ಚಮಚ ಕೆಳಗಿಟ್ಟಳು.

"ಸಿಂಹ ಅಲ್ಲ, ಕತ್ತೆಕಿರುಬ."

"ಮಾ-ಕಿತ್ಸೊ, ಕತ್ತಲಲ್ಲಿ ನಿನಗೆ ಸರಿಯಾಗಿ..."

"ಕೊಳ್ಳಿ ಹಿಡಿದಿದ್ದು ನಾನಲ್ವಾ? ಬೆಳಕು ನನ್ನ ಕೈಲೇ ಇತ್ತು. ನೀವು ನೀರಿನ ಟ್ಯಾಂಕ್ ಮೇಲಿದ್ರಿ."

ಅತಿಥಿಗಳು ನಕ್ಕದ್ದಕ್ಕೆ ದೋಣಿಯೇ ಒಂದು ಪಕ್ಕಕ್ಕೆ ವಾಲಿದಂತಾಯಿತು. ಅಲ್ಲಿಂದ ಮುಂದೆ ಯಾರೂ ನನ್ನನ್ನು ಕಥೆ ಕೇಳಲಿಲ್ಲ. ಅವಳನ್ನು ನಡುವೆ ಕೂರಿಸಿಕೊಂಡರು.

ಲಾರಿ ಹತ್ತಿದ ಮೇಲಂತೂ ನನ್ನ ಸಿಂಹಾಸನದ ಉಳಿದ ಕಾಲೂ ಮುರಿಯಿತು. ಸವೂಟಿಯಲ್ಲಿ ನಾನು ಮರಳಿನ ಮೇಲಿನ ಹೆಜ್ಜೆ ತೋರಿಸಿ, "ಗಂಡು ಸಿಂಹ, ಈಗಷ್ಟೇ ಹೋಗಿದೆ" ಎಂದು ಘೋಷಿಸಿದೆ. ಹಿಂದಿನಿಂದ ದನಿ ಬಂತು.

"ಹೆಣ್ಣು. ರಾತ್ರೀನೇ ಹೋಗಿದೆ. ಹೆಜ್ಜೆ ಮೇಲೆ ಇಬ್ಬನಿ ಹನಿದ ಗುರುತು ಕಾಣ್ಸಲ್ವಾ? ಪಕ್ಕದಲ್ಲಿ ಮರಿಗಳ ಹೆಜ್ಜೆ ಬೇರೆ ಇದೆ. ಸಿನ್ವುಲಾ, ಆ ಮುಳ್ಳುಪೊದೆ ಕಡೆ ಬಿಡಪ್ಪ."

"ಆಯ್ತು ಮಾ," ಎಂದು ಸಿನ್ವುಲಾ ನನ್ನ ಮುಖ ಕೂಡ ನೋಡದೆ ಚಕ್ರ ತಿರುಗಿಸಿದ. ಪೊದೆಯ ನೆರಳಲ್ಲಿ ತಾಯಿ, ಮೂರು ಮರಿ. ಸಿಂಹ ಗರ್ಜಿಸಲೂ ಇಲ್ಲ, ಆಕಳಿಸಿತು. ನನ್ನ ತೋಳು ಯಾರೂ ಹಿಡಿಯದೆ ಹಾಗೇ ಇತ್ತು.

ಅವಳು ಇಡೀ ದಾರಿ ಗುನ್ವೋರ್ ಪಕ್ಕವೇ ಕೂತಳು. ಸಂಜೆ ಡೇರೆಯಲ್ಲಿ ಸ್ವಲ್ಪ ಸಿಡಿಮಿಡಿಯಿಂದಲೇ ಕೇಳಿದೆ: "ಒಂದು ದಿನವಾದ್ರೂ ಮುಂದೆ ಬಂದು ನನ್ನ ಹತ್ತಿರ ಕೂರಬಾರ್ದಾ?"

"ಅವರ ಗಂಡ ಏನಾದ್ರೂ ಕಂಡ್ರೆ ಬಾಯಲ್ಲಿ ಹೇಳ್ತಿರ್ಲಿಲ್ವಂತೆ, ಮೊಣಕೈಯಿಂದ ತಿವೀತಿದ್ರಂತೆ. ಈಗ ಎಷ್ಟು ನೋಡಿದ್ರೂ ತಿವಿಯೋರಿಲ್ಲ ಅಂದ್ರು. ಅದಕ್ಕೇ ನಾನು ತಿವೀತಾ ಇದ್ದೀನಿ."

ಹೊರಗೆ ಎಲ್ಲೋ ದೂರದಲ್ಲಿ ಸಿಂಹ ಗರ್ಜಿಸಿತು. 'ಹೆದರಬೇಡ' ಎನ್ನಲು ತಿರುಗಿದರೆ ಅವಳಿಗೆ ಗಾಢ ನಿದ್ದೆ.

ಏಳನೆಯ ದಿನ ಖ್ವಾಯ್ ಹತ್ತಿರವಾಯಿತು. ಖ್ವಾಯ್ ಎಂದರೆ ಅವಳ ತವರು. ಊರು ಇನ್ನೂ ಒಂದು ಗಾವುದ ಇರುವಾಗಲೇ ಲಾರಿಯ ಹರಟೆ ನಿಂತಿತು; ನಿಲ್ಲಿಸಿದವಳು ಅವಳು. "ಸಿನ್ವುಲಾ, ಸ್ವಲ್ಪ ತಡಿ" ಎಂದು ಇಳಿದಳು. ಚಪ್ಪಲಿ ಬಿಟ್ಟಳು. ಬೂದಿಬಣ್ಣದ ಮರಳನ್ನು ಒಂದು ಹಿಡಿ ತೆಗೆದು ಬೆರಳ ಸಂದಿಯಿಂದ ಸುರಿಸುತ್ತ ನಿಂತಳು. ಅವಳ ಭುಜ ಅಲುಗುತ್ತಿತ್ತು. ಹತ್ತಿರ ಹೋದೆ.

"ಅವ್ವ ತೀರ್ಕೊಂಡಾಗ ಬಂದಿದ್ದು. ಆರು ವರ್ಷ ಆಯ್ತು," ಎಂದಳು. "ಬಸ್ಸಲ್ಲಿ ಮೌನ್‌ವರೆಗೆ ಬರಬೇಕು, ಅಲ್ಲಿಂದ ಯಾರಾದ್ರೂ ಹತ್ತಿಸ್ಕೊಳ್ಳೋ ತನಕ ರಸ್ತೇಲಿ ಕಾಯಬೇಕು. ನೀವು ಹದಿನೈದು ದಿನಕ್ಕೊಂದ್ಸಲ ನನ್ನ ತವರು ದಾಟಿ ಹೋಗ್ತೀರಿ. ಒಂದು ದಿನ 'ಬರ್ತೀಯಾ' ಅನ್ಲಿಲ್ಲ."

"ನೀನು ಕೇಳಲಿಲ್ಲ..."

"ಕೇಳಬೇಕಿತ್ತಾ ರಾ-ಕಿತ್ಸೊ?"

ಹುಲ್ಲಿನಲ್ಲಿ ಅಡಗಿದ ಕಪ್ಪೆಯನ್ನು ನೂರು ಹೆಜ್ಜೆಯಿಂದ ಕಾಣಬಲ್ಲ ಕಣ್ಣು ನನ್ನದು. ಮನೆಯೊಳಗೆ ಕೂತ ಹೆಂಗಸು ಇಷ್ಟು ವರ್ಷ ಯಾವ ದಿಕ್ಕಿಗೆ ಮುಖ ಮಾಡಿದ್ದಳೆಂದು ಅದಕ್ಕೆ ಕಂಡಿರಲಿಲ್ಲ.

ಮರದ ಸೇತುವೆಯ ಬಳಿ, ಊಟಕ್ಕೆ ನಿಲ್ಲುವ ಜಾಗದಲ್ಲಿ, ಅವಳ ಅಕ್ಕ ಗೊಮೊಲೆಮೊ ಬುಟ್ಟಿ ಮಾರುತ್ತಾಳೆ. ಅಕ್ಕತಂಗಿಯರು ಅಪ್ಪಿಕೊಂಡು ಅತ್ತರು, ನಕ್ಕರು, ಕೊನೆಗೆ ಇಬ್ಬರೂ ಒಟ್ಟಿಗೆ ನನ್ನತ್ತ ನೋಡಿದರು. ನಾನು ಗುನ್ವೋರ್ ಹಿಂದೆ ಸರಿದೆ.

"ಈ ನಿನ್ನ ಗಂಡ ಇಷ್ಟು ವರ್ಷ ಲಾರಿ ಮೇಲಿಂದ ಕೈ ಬೀಸ್ತಾನೆ, 'ಅತ್ತಿಗೆ ಚೆನ್ನಾಗಿದ್ದೀರಾ' ಅಂತಾನೆ, ಉತ್ತರ ಹೇಳೋದ್ರೊಳಗೆ ಹೊರಟೇ ಹೋಗಿರ್ತಾನೆ," ಎಂದಳು ಅತ್ತಿಗೆ.

ಊಟವಾದ ಮೇಲೆ ಮಾ-ಕಿತ್ಸೊ ತನ್ನ ಗಂಟು ಇಳಿಸಿಕೊಂಡಳು. "ನಾನು ಇಲ್ಲೇ ಇರ್ತೀನಿ. ಮುಂದಿನ ಸಲ ಬರ್ತೀರಲ್ಲ, ಆಗ ನೋಡೋಣ."

ಹೀಗೆ ಹತ್ತು ದಿನ ಹೆಂಡತಿಯನ್ನು ಪಕ್ಕದಲ್ಲಿಟ್ಟುಕೊಳ್ಳಲು ಹೊರಟವನು ಏಳನೆಯ ದಿನವೇ ಅವಳನ್ನು ತವರಿಗೆ ತಲುಪಿಸಿ ಕೈ ತೊಳೆದುಕೊಂಡೆ. ಮುಂದಿನ ಊರಿನ ಹೆಸರು ಮೌನ್. ಅಲ್ಲಿಗೆ ಮುಟ್ಟುವಷ್ಟರಲ್ಲಿ ನಾನೂ ಹಾಗೇ ಆಗಿದ್ದೆ.

ಮನೆ ಬಿಕೋ ಎನ್ನುತ್ತಿತ್ತು. ಗಂಜಿ ಬೇಯಿಸಿದರೆ ಮೇಲೆ ನೀರು, ಕೆಳಗೆ ಕಲ್ಲು. ಕಟ್ಟಿಗೆ ಸೀಳು ಎನ್ನುವವರಿಲ್ಲ. ನಾನೇ ನನಗೆ ಗದರಿಕೊಂಡು ಸೀಳಿದೆ. ದೋಣಿ ತಿರುವು ದಾಟುವಾಗ ದುರ್ಬೀನು ಎತ್ತದೆ ಎಡದಂಡೆ ನೋಡುತ್ತ ನಿಂತೆ.

ಮೊದಲ ಸಲ ಖ್ವಾಯ್ ಸೇತುವೆಯಲ್ಲಿ ಇಳಿದಾಗ, "ನಡಿ" ಎಂದೆ. "ಅಕ್ಕನ ಬುಟ್ಟಿ ಕೆಲಸ ಅರ್ಧ ಆಗಿದೆ" ಎಂದಳು. ಎರಡನೆಯ ಸಲ ಹೊಸ ಅಂಗಿ ಹಾಕಿಕೊಂಡು ಹೋದೆ. "ಅಂಗಿ ಚೆನ್ನಾಗಿದೆ" ಎಂದಳು. ಅಷ್ಟೇ. ನಾನೂ ಬಿಗುಮಾನದಿಂದ, "ಮನೇಲಿ ಎಲ್ಲ ಚೆನ್ನಾಗಿ ನಡೀತಿದೆ, ನಿಧಾನಕ್ಕೆ ಬಾ" ಎಂದುಬಿಟ್ಟೆ. ಲಾರಿ ಹೊರಟ ಮೇಲೆ ನನ್ನ ನಾಲಿಗೆ ಕಚ್ಚಿಕೊಂಡೆ, ನಿಜವಾಗಿಯೂ, ಹಳ್ಳದಲ್ಲಿ ಚಕ್ರ ಕುಣಿದಾಗ.

ಮೂರನೆಯ ಸಲ ಬಿಗುಮಾನವನ್ನು ಕಸಾನೆಯಲ್ಲೇ ಬಿಟ್ಟು ಹೋದೆ. ಲಾರಿ ನಿಂತದ್ದೇ ಹಾರಿ ಇಳಿದು, "ಕೆಲೆಬೊನ್ಯೆ, ಮನೇಲಿ ಏನೂ ಚೆನ್ನಾಗಿಲ್ಲ. ಗಂಜಿ ಸೀದಿದೆ. ನನಗೂ ಸಾಕಾಗಿದೆ. ಬಾ" ಎಂದೆ, ಎಂಟು ಜನರೆದುರಿಗೇ.

ಅವಳ ಗಂಟು ಆಗಲೇ ಕಟ್ಟಿತ್ತು. "ಇದನ್ನ ಹೇಳೋಕೆ ಮೂರು ಸಲ ಬೇಕಾಯ್ತಾ?" ಎಂದು ಕಣ್ಣೊರೆಸಿಕೊಂಡು ಲಾರಿಯತ್ತ ನಡೆದಳು.

ಆಗ ಸಿನ್ವುಲಾ ಕೆಮ್ಮಿದ. "ಮೋವಾಗಿ, ಎಲ್ಲಿ ಕೂರಿಸ್ತೀಯ? ಎಂಟು ಸೀಟೂ ಭರ್ತಿ. ಉಳಿದಿದ್ದು ಎರಡು. ಒಂದು ನಂದು, ಲಾರಿ ಓಡಿಸೋಕೆ ಬೇಕು."

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬಾಕೆ ಕೂಗಿದರು. "ಮರಳು ಓದೋ ಹೆಂಗಸು ಇವರೇನಾ? ಗುನ್ವೋರ್ ನಮ್ಮೂರವರು, ಇವರ ಬಗ್ಗೆ ಎಲ್ಲರಿಗೂ ಹೇಳಿದ್ದಾರೆ! ಇವರು ನಮ್ಮ ಜೊತೆ ಬರ್ತಾರಾ?"

ಒಡತಿಗೆ ಸ್ಯಾಟಲೈಟ್ ಫೋನ್ ಹಚ್ಚಿದೆ. ಅವರು ನನ್ನ ಮಾತು ಮುಗಿಯಲು ಬಿಡಲಿಲ್ಲ. "ಗುನ್ವೋರ್ ನನಗೂ ನಾಲ್ಕು ಪುಟ ಬರೆದಿದ್ದಾರೆ. ನಿನ್ನ ಸೀಟು ಮಾ-ಕಿತ್ಸೊಗೆ ಕೊಡು. ಮುಂದಿನ ಯಾತ್ರೆಗೂ ಅವರೇ ಬರಲಿ. ನಿನ್ನ ರಜೆ ಎಷ್ಟೋ ಉಳಿದಿದೆ, ಆರಾಮಾಗಿರು."

ನಾನು ನೋಡುತ್ತಿದ್ದಂತೆ ನನ್ನ ಹೆಂಡತಿ ನನ್ನ ಸೀಟಿನಲ್ಲಿ ಕೂತು, "ಮನೆ ಗುಡಿಸಿಡ್ತೀನಿ, ಬೇಗ ಬನ್ನಿ ರಾ-ಕಿತ್ಸೊ" ಎಂದಳು. ಲಾರಿ ಹೊರಟಿತು. ಅದು ಮರೆಯಾದ ಮೇಲೆ ನಾನು ಬೆರಳು ಮಡಚಿ ದಿನ ಎಣಿಸಿದೆ. ರಸ್ತೆಯಲ್ಲಿ ವಾರವಿಡೀ ಕಾದು, ಯಾರದೋ ಗಾಡಿ ಹಿಡಿದು, ಬಸ್ಸು ಬದಲಿಸಿ ನಾನು ಕಸಾನೆ ಮುಟ್ಟುವಷ್ಟರಲ್ಲಿ ಅವಳು ದೋಣಿ ಹತ್ತಿರುತ್ತಾಳೆ. ಇಲ್ಲೇ ಕೂತರೆ ಹದಿನೈದನೆಯ ದಿನ ಅವಳೇ ಈ ಸೇತುವೆಗೆ ಬರುತ್ತಾಳೆ. ಊಟದ ಹೊತ್ತಿನಷ್ಟು ಸಿಗುತ್ತಾಳೆ.

"ಅತ್ತಿಗೆ," ಎಂದೆ, "ಇಷ್ಟು ದಿನ ಅವಳು ನನ್ನ ನೆನಪೇ ತೆಗೀಲಿಲ್ವಾ?"

ಗೊಮೊಲೆಮೊ ತಾಳೆಗರಿಯ ಕಂತೆ ಬಿಚ್ಚುತ್ತಿದ್ದಳು. "ದಿನಾ ಸಂಜೆ ಆ ಮರದ ಬೊಡ್ಡೆ ಮೇಲೆ ಕೂತು ದಾರಿ ನೋಡ್ತಿದ್ದಳು. ಲಾರಿ ಸದ್ದು ಕೇಳಿದ್ರೆ ಎದ್ದು ನಿಲ್ತಿದ್ದಳು. ನಿನಗೆ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ದಳು."

ನಾನು ಬೊಡ್ಡೆಯ ಕಡೆ ನೋಡಿದೆ. ಒಂದು ಪಕ್ಕ ಕೂತು ಕೂತು ನುಣುಪಾಗಿತ್ತು.

"ಹೋಗು, ಕೂತ್ಕೋ," ಎಂದು ಅತ್ತಿಗೆ ಗರಿಯ ಕಂತೆಯನ್ನು ನನ್ನತ್ತ ಎಸೆದಳು. "ಆದ್ರೆ ಬರೀ ದಾರಿ ನೋಡ್ತಾ ಕೂರೋ ಹಾಗಿಲ್ಲ. ಅವಳು ದಿನಕ್ಕೆ ಇಪ್ಪತ್ತು ಗರಿ ಸೀಳ್ತಿದ್ದಳು."